ಶನಿವಾರದ ಸಾರಣೆ

ಮೆಲಿಫಾ ನಾಖುಮ್ವಾ, ವಯಸ್ಸು ಐವತ್ತೆಂಟು, ಮುಲಾಂಜೆ ಬೆಟ್ಟದ ಬುಡದಲ್ಲಿರುವ ನಾಲಿಂಗುಲಾ ಹಳ್ಳಿಯವಳು. ತಾಯಿ ಅಲೆಫಾ ಕಾಲರಾದಲ್ಲಿ ತೀರಿಕೊಂಡಳು. ಗಂಡ ಬಿಸ್ವಿಕ್ ಕೊಲೆಯಾದನು. ಮಗಳು ಒಬ್ಬಳೇ, ಫನೆಸಿ. ತಾಯಿಯ ಅಣ್ಣ ಗ್ರೆವಾಜಿಯೊ, ಎಂಬತ್ತು ದಾಟಿದವನು, ಈಗಲೂ ಬದುಕಿದ್ದಾನೆ, ಚೆನ್ನಾಗಿಯೇ ಉಣ್ಣುತ್ತಾನೆ.

ರೇಡಿಯೊದವರು ಆಕೆಗೆ ‘ನೆಲ ಸಾರಿಸಿದ ಹೆಂಡತಿ’ ಎಂದು ಹೆಸರಿಟ್ಟರು. ನಮ್ಮೂರಿನ ಹೆಂಗಸರು ಆ ಹೆಸರನ್ನು ಎತ್ತಿಕೊಂಡು ಒನಕೆ ಹಾಡು ಕಟ್ಟಿದರು. ಮೆಕ್ಕೆಜೋಳ ಕುಟ್ಟುವಾಗ ಹಾಡಲು ಹದವಾದ ಹಾಡು. ಒಂದೊಂದು ಪೆಟ್ಟಿಗೂ ಆಕೆಯ ಹೆಸರು ಬರುತ್ತಿತ್ತು. ಅದನ್ನು ಎಲ್ಲರಿಗಿಂತ ಜೋರಾಗಿ ಹಾಡಿದವಳು ಊರ ಮುಖಂಡನ ಹೆಂಡತಿ. ಮೆಲಿಫಾಳ ಮನೆಯಿಂದ ಎರಡು ಮನೆಯಾಚೆಗಿನ ನನ್ನ ಅಂಗಳದಲ್ಲಿಯೂ ಆ ಹಾಡು ಕೇಳಿಬಂದದ್ದುಂಟು. ಹಾಡಬೇಡಿರೆಂದು ನಾನು ಹೇಳಲಿಲ್ಲ.

ನಡೆದದ್ದು ಇಷ್ಟು. ಒಂದು ಶನಿವಾರ ಮಧ್ಯಾಹ್ನ ಬಿಸ್ವಿಕ್‌ನ ಹೆಣ ತೊಗರಿ ಹೊಲದ ಅಂಚಿನಲ್ಲಿ ಸಿಕ್ಕಿತು. ತಲೆ ಒಡೆದಿತ್ತು. ಪೇಟೆಯಿಂದ ಬಂದ ಪೊಲೀಸ್ ಅಧಿಕಾರಿ ಮನೆಯೊಳಗೆ ಕಾಲಿಟ್ಟನು. ನೆಲ ಇನ್ನೂ ಹಸಿಯಾಗಿತ್ತು. ಗಂಡನನ್ನು ಒಳಗೇ ಕೊಂದು, ಹೊರಗೆ ಎಳೆದು ಹಾಕಿ, ರಕ್ತ ಕಾಣದಂತೆ ಕೆಮ್ಮಣ್ಣು ಬಳಿದಿದ್ದಾಳೆಂದು ಬರೆದುಕೊಂಡನು. ಸಿಮೆಂಟಿನ ನೆಲದ ಮೇಲೆ ಬೆಳೆದವನು. ಮೆಲಿಫಾ ಮದುವೆಯಾದಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ನೆಲ ಸಾರಿಸುತ್ತಿದ್ದಳೆಂಬುದನ್ನು ಆತ ಅರಿಯನು. ಆದರೆ ಆ ದಿನ ಅಂಗಳದಲ್ಲಿ ನಿಂತಿದ್ದ ಅರವತ್ತು ಜನರೂ ಅರಿತಿದ್ದರು. ಕೇಳಿದ್ದಕ್ಕೆ ಮಾತ್ರ ಉತ್ತರಿಸಿದರು. ‘ನೆಲ ಹಸಿಯಾಗಿತ್ತೇ?’ ‘ಹೌದು, ಹಸಿಯಾಗಿತ್ತು.’ ನಾನೂ ಅದನ್ನೇ ಹೇಳಿ ಹೆಬ್ಬೆಟ್ಟು ಒತ್ತಿದೆ.

ನಮ್ಮಲ್ಲಿ ಹೆಣ್ಣು ತನ್ನ ವ್ಯಾಜ್ಯದಲ್ಲಿ ತಾನೇ ಬಾಯಿ ತೆರೆಯುವುದಿಲ್ಲ. ಮದುವೆಯಲ್ಲಿ, ಜಗಳದಲ್ಲಿ, ಮಸಣದಲ್ಲಿ ಅವಳ ತಾಯಿಯ ಅಣ್ಣ ಎದ್ದು ನಿಲ್ಲುತ್ತಾನೆ. ಅವನೇ ಅವಳ ಅಂಕೋಸ್ವೆ, ಅವಳ ಬಾಯಿ. ಅವನು ಎದ್ದಿರುವಾಗ ಅವಳು ತಲೆ ತಗ್ಗಿಸಿ ಕೂರುವುದೇ ಮರ್ಯಾದೆ. ಮೆಲಿಫಾ ಮರ್ಯಾದಸ್ಥೆ. ನಗರದ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಮೂರು ಸಲ ಕೇಳಿದರು: ನಿನಗೇನಾದರೂ ಹೇಳುವುದಿದೆಯೇ? ಮೂರು ಸಲವೂ ಆಕೆ ಹಿಂದಿನ ಬೆಂಚಿನತ್ತ ತಿರುಗಿ ನೋಡಿದಳು. ಅಲ್ಲಿ ಗ್ರೆವಾಜಿಯೊ ಕುಳಿತಿದ್ದನು, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು. ಅವನು ಟೋಪಿಯ ಅಂಚನ್ನೇ ನೋಡುತ್ತಿದ್ದನು. ಅವನಾಗಿ ಎದ್ದಿದ್ದರೂ ಕಾವಲುಗಾರರು ಕೂರಿಸುತ್ತಿದ್ದರೇನೋ. ಎದ್ದು ನೋಡಲಿಲ್ಲ, ಅಷ್ಟೇ ನನ್ನ ಮಾತು.

ಅವನ ಭಯ ಊರಿಗೆಲ್ಲ ತಿಳಿದದ್ದು. ಬಿಸ್ವಿಕ್ ಹೆಂಡತಿ ಮಗಳನ್ನು ತನ್ನ ತಾಯಿಯ ಊರಿಗೆ ಕರೆದೊಯ್ಯುವೆನೆಂದಿದ್ದ. ನಮ್ಮ ಕಡೆ ಗಂಡು ಹೆಂಡತಿಯ ಊರಿಗೆ ಬಂದು ಬಾಳಬೇಕು; ಆ ಮಾತು ಸೋದರಮಾವನಿಗೆ ಅವಮಾನ. ಸಾವಿಗೆ ನಾಲ್ಕು ದಿನ ಮೊದಲು ಗ್ರೆವಾಜಿಯೊ ಅವನ ಮೇಲೆ ಕೋಲೆತ್ತಿದ್ದನು. ನ್ಯಾಯಾಲಯದಲ್ಲಿ ಬಾಯಿ ತೆರೆದರೆ, ಶನಿವಾರ ನೀನೆಲ್ಲಿದ್ದೆ ಎಂದು ತನ್ನನ್ನೇ ಕೇಳುವರೆಂದು ಹೆದರಿದ. ಕೊಂದವನು ಅವನೆಂದು ನಾನು ಹೇಳುತ್ತಿಲ್ಲ. ಯಾರು ಕೊಂದರೋ ನನಗೆ ತಿಳಿಯದು, ಇಂದಿಗೂ ತಿಳಿಯದು. ಬಹಳ ವರ್ಷಗಳ ಮೇಲೆ ಸಂಜೆಯ ಶಾಲೆಯಲ್ಲಿ ಅಕ್ಷರ ಕಲಿತು ಆ ತೀರ್ಪನ್ನು ನಾನೇ ಓದಿದೆ. ‘ಆರೋಪಿಯ ಮೌನದಲ್ಲಿ ಪಶ್ಚಾತ್ತಾಪದ ಲೇಶವೂ ಕಾಣಲಿಲ್ಲ’ ಎಂದಿತ್ತು. ಓದಿ ಕಾಗದವನ್ನು ಮಡಚಿಟ್ಟು ಕೈ ತೊಳೆದುಕೊಂಡೆ.

ಆಗ ಕೊಲೆಗೆ ಮರಣದಂಡನೆ ಕಡ್ಡಾಯ. ಮೆಲಿಫಾ ಇಪ್ಪತ್ತೆರಡು ವರ್ಷ ಹಗ್ಗಕ್ಕಾಗಿ ಕಾದಳು. ಎಂಟು ವರ್ಷದ ಫನೆಸಿಯನ್ನು ಗ್ರೆವಾಜಿಯೊ ಸಾಕಿದನು, ತನ್ನದೇ ತಟ್ಟೆಯಲ್ಲಿ ಉಣಿಸಿದನು, ನಿನ್ನ ತಾಯಿ ನಿನ್ನ ತಂದೆಯನ್ನು ಕೊಂದಳೆಂದು ಕಲಿಸಿದನು. ಆಮೇಲೆ ಕಾನೂನು ಬದಲಾಯಿತು; ಮರಣದಂಡನೆ ಕಡ್ಡಾಯವಲ್ಲವೆಂದಾಗಿ ಹಳೆಯ ಶಿಕ್ಷೆಗಳನ್ನು ಮತ್ತೆ ವಿಚಾರಿಸತೊಡಗಿದರು. ಒಬ್ಬ ಯುವ ವಕೀಲೆ ಬಂದು ಮಾವಿನ ಮರದ ಕೆಳಗೆ ಊರನ್ನು ಸೇರಿಸಿದಳು.

“ಮೆಲಿಫಾ ಬಿಡುಗಡೆಯಾಗಿ ಬಂದ್ರೆ ನೀವು ಸೇರಿಸ್ಕೊಳ್ತೀರಾ?”

“ಸೇರಿಸ್ಕೊಳ್ದೆ ಏನು ತಾಯಿ, ನಮ್ಮ ಊರ ಮಗಳು!” ಎಂದನು ಮುಖಂಡ. ಹೆಂಡತಿ ಪಕ್ಕದಲ್ಲಿ ತಲೆಯಾಡಿಸಿದಳು, ಒನಕೆ ಹಾಡಿಗೆ ತೂಗುತ್ತಿದ್ದ ಅದೇ ತಲೆಯನ್ನು.

ಮುದುಕಿ ನಾಮಲಿಮಾ ಕೇಳಿದಳು: “ಅಲ್ಲಮ್ಮಾ, ಅವಳು ಕೊಂದಳೋ ಇಲ್ವೋ ಅಂತ ಈ ಸಲನಾದ್ರೂ ಕೇಳ್ತಾರಾ?”

“ಅದನ್ನ ಈಗ ಕೇಳೋ ಹಾಗಿಲ್ಲ ಅಜ್ಜಿ. ಶಿಕ್ಷೆ ಎಷ್ಟು ಅನ್ನೋದಷ್ಟೇ ಈಗಿನ ವಿಚಾರಣೆ.”

“ಹಂಗಾದ್ರೆ ಮೈಗೆ ಬಿಡುಗಡೆ, ಹೆಸರಿಗೆ ನೇಣು,” ಎಂದು ನಾಮಲಿಮಾ ಎದ್ದು ಹೋದಳು.

ಮೆಲಿಫಾ ಬಂದಳು. ಮುಖಂಡ ಒಂದು ಗುಡಿಸಲು ಕೊಟ್ಟನು. ಫನೆಸಿ ಬರಲಿಲ್ಲ. ಅವಳಿಗಾಗ ಮೂವತ್ತು; ಗಂಡನನ್ನು ಬಿಟ್ಟು, ತಾತನೆಂದು ಕರೆಯುತ್ತಿದ್ದ ಗ್ರೆವಾಜಿಯೊನ ಮನೆಯಲ್ಲೇ ಇದ್ದಳು. ಒಂದು ದಿನ ತೊಗರಿ ಬಿಡಿಸುತ್ತ ಮೆಲಿಫಾ ನನಗೆ ಹೇಳಿದಳು:

“ಊರು ನಂಬೋದು ಬೇಡ ಅಕ್ಕ. ಊರನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಅವಳೊಬ್ಬಳು ನಂಬಲಿ. ಮಾವ ಒಂದ್ ಮಾತು ಹೇಳಿದ್ರೆ ನಂಬ್ತಾಳೆ.”

“ನೀನೇ ಹೇಳು.”

“ಕೊಲೆಗಾತಿ ಮಾತು ಯಾರು ಕೇಳ್ತಾರೆ?”

ಆಗ ನಾನು ಕೇಳಬಾರದ್ದನ್ನು ಕೇಳಿದೆ. “ಮೆಲಿಫಾ, ನೀನು ಕೊಂದೆಯಾ?”

ಆಕೆ ಬೆರಳು ನಿಲ್ಲಿಸಲಿಲ್ಲ. “ಇದನ್ನ ನೀವು ಹೆಬ್ಬೆಟ್ಟು ಒತ್ತೋಕೆ ಮುಂಚೆ ಕೇಳ್ಬೇಕಿತ್ತು,” ಎಂದಳು.

ಮುಂದಿನ ಶನಿವಾರ ಬೆಳಿಗ್ಗೆ ತಗಡಿನ ಬೋಗುಣಿಯಲ್ಲಿ ಕೆಮ್ಮಣ್ಣು ಕಲಸಿಕೊಂಡು ಗ್ರೆವಾಜಿಯೊನ ಮನೆಗೆ ಹೋಗಿ ಜಗಲಿಯ ಮೇಲೆ ಮಂಡಿಯೂರಿದಳು.

“ಏನೇ ಇದು?” ಎಂದನು ಮುದುಕ.

“ಸಾರಿಸ್ತಿದ್ದೀನಿ ಮಾವ.”

“ನಮ್ಮನೇಲಿ ಸಾರಿಸೋರು ಇದ್ದಾರೆ.”

“ಇರ್ಲಿ ಬಿಡಿ. ಇವತ್ತು ಶನಿವಾರ ಅಲ್ವಾ? ನಾನು ಶನಿವಾರ ಸಾರಿಸೋಳು. ನಿಮಗೆ ಗೊತ್ತಲ್ಲ.”

ಸೊಸೆಯಾದವಳು ಸೋದರಮಾವನ ಜಗಲಿ ಸಾರಿಸಿದರೆ ಬೇಡವೆನ್ನುವ ಹಾಗಿಲ್ಲ, ಅದು ಸೇವೆ. ಮುದುಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡನು. ಅಂದಿನಿಂದ ಒಂದು ಶನಿವಾರವೂ ತಪ್ಪಲಿಲ್ಲ. ಕೊಳವೆಬಾವಿಯ ಬಳಿ ಹೆಂಗಸರಿಗೆ ಹಬ್ಬವಾಯಿತು.

“ಈ ಸಲ ಯಾರ ರಕ್ತ ಮುಚ್ತಿದ್ದಾಳಂತೆ?”

“ಮುದುಕಂದೇ ಇರ್ಬೇಕು.”

“ಅವನಲ್ಲಿ ರಕ್ತ ಎಲ್ಲಿದೆಯೇ? ಹಿಂಡಿದ್ರೆ ಬರೀ ನಶ್ಯ!”

ನಕ್ಕರು. ಮನುಷ್ಯರ ಬಾಯಿಯ ಬಗ್ಗೆ ನನಗಿದ್ದ ಗೌರವ ಆ ಬಾವಿಕಟ್ಟೆಯಲ್ಲಿ ಮುಗಿಯಿತು.

ಮೊದಮೊದಲು ಫನೆಸಿ ಬೇಕೆಂದೇ ಚಪ್ಪಲಿ ಮೆಟ್ಟಿಕೊಂಡು ಹಸಿ ಜಗಲಿಯ ಮೇಲೆ ನಡೆದುಹೋಗುತ್ತಿದ್ದಳು. ಮೆಲಿಫಾ ಆ ಹೆಜ್ಜೆಗಳ ಮೇಲೆ ಮತ್ತೆ ಬಳಿಯುತ್ತಿದ್ದಳು. ಗೋಡೆಯಿಂದ ಹೊರಟು, ಅರ್ಧಚಂದ್ರದ ಮೇಲೆ ಅರ್ಧಚಂದ್ರ ಎಳೆಯುತ್ತ, ಹೊಸ್ತಿಲವರೆಗೆ ಬರುತ್ತಿದ್ದಳು. ಆದರೆ ಬಾಗಿಲ ಕಂಬದ ಬುಡದಲ್ಲಿ ಅಂಗೈ ಅಗಲದಷ್ಟು ಜಾಗವನ್ನು ಪ್ರತಿಸಲವೂ ಬಳಿಯದೆ ಬಿಡುತ್ತಿದ್ದಳು. “ಮಾಡಿದ್ದನ್ನ ಮುಗಿಸೋಕೂ ಬರಲ್ಲ,” ಎಂದು ಗ್ರೆವಾಜಿಯೊ ಒಳಗಿನಿಂದ ಗೊಣಗುತ್ತಿದ್ದನು.

ಹದಿನಾಲ್ಕನೆಯ ಶನಿವಾರ ನಾನು ಮುದುಕನ ಮನೆಗೆ ಉಪ್ಪು ಕೊಡಲು ಹೋಗಿದ್ದೆ. ಫನೆಸಿ ಬಾಗಿಲಲ್ಲಿ ನಿಂತು ತಾಯಿಯ ಕೈಯನ್ನು ನೋಡುತ್ತಿದ್ದಳು. ಮೆಲಿಫಾ ಮುಗಿಸಿ ಬೋಗುಣಿ ಎತ್ತಿಕೊಂಡು ಎದ್ದಳು.

“ಅದನ್ನ ಯಾಕೆ ಬಿಡ್ತೀಯ?” ಫನೆಸಿ ಕೇಳಿದಳು. ತಾಯಿಯೊಡನೆ ಅವಳಾಡಿದ ಮೊದಲ ಮಾತು.

ಮೆಲಿಫಾ ಬೋಗುಣಿಯನ್ನು ಆ ಜಾಗದ ಪಕ್ಕಕ್ಕೆ ಇಟ್ಟಳು. ಫನೆಸಿ ಆ ಬರಿಯ ಜಾಗವನ್ನು ಬಗ್ಗಿ ನೋಡಿದಳು. ಆಮೇಲೆ ಚಪ್ಪಲಿ ಕಳಚಿದಳು. ಮಂಡಿಯೂರಿ, ಬೋಗುಣಿಯಲ್ಲಿ ಕೈ ಅದ್ದಿ, ಆ ಜಾಗಕ್ಕೆ ಮಣ್ಣು ಬಳಿದಳು. ಕೈ ತಾನಾಗಿಯೇ ತಿರುಗಿತು, ತಾಯಿಯ ಕೈಯಂತೆ.

“ಇದು ನನ್ನ ಪಾಲು,” ಎಂದಳು. “ನಮ್ಮನೇಲಿ ಸಾರಿಸೋಕೆ ನೀರು ತರ್ತಿದ್ದೋಳು ನಾನು. ಕೊನೇಲಿ ಇದೊಂದು ನನಗೆ ಬಿಡ್ತಿದ್ದೆ. ಆವತ್ತೂ ಬಿಟ್ಟಿದ್ದೆ ಅಮ್ಮಾ. ಆವತ್ತು ಸಾರಿಸೋಕೆ ಮುಂಚೆ ನೆಲ ಒಣಗಿತ್ತು, ನಾನು ನೋಡಿದ್ದೆ. ಹೋದ ವಾರದ ಮಣ್ಣಿನ ಬಿರುಕು ಬಿಟ್ರೆ ಅದರ ಮೇಲೆ ಒಂದು ಹನಿ ರಕ್ತಾನೂ ಇರ್ಲಿಲ್ಲ.”

“ನೀರನ್ನ ಅರ್ಧ ದಾರೀಲೇ ಚೆಲ್ಕೊಂಡು ಬರ್ತಿದ್ದೆ,” ಎಂದಳು ಮೆಲಿಫಾ.

ಎಂಟು ವರ್ಷದ ಮಗುವನ್ನು ಅಂದು ಒಬ್ಬರೂ ಕೇಳಲಿಲ್ಲ. ಈಗ ಊರು ಹೇಳುತ್ತದೆ: ಅಷ್ಟು ಹಳೆಯ ನೆನಪು, ಯಾರು ಕಂಡರು, ತಾಯಿಯ ಮೇಲಿನ ಆಸೆಗೆ ಕಟ್ಟಿಕೊಂಡಿರಬಹುದು, ಮನೆಯಲ್ಲಿ ಕೊಲ್ಲದಿದ್ದರೆ ಹೊಲದಲ್ಲಿ ಕೊಂದಿರಬಹುದು. ಹೇಳಲಿ. ಊರಿಗೆ ಸತ್ಯ ಬೇಕಿಲ್ಲ, ಮೆಲ್ಲಲು ಏನಾದರೂ ಬೇಕು.

ಅದೇ ವಾರ ಫನೆಸಿ ತಾಯಿಯ ಗುಡಿಸಲಿಗೆ ಚಾಪೆ ಹೊತ್ತುಕೊಂಡು ಹೋದಳು. ಒಂದೂವರೆ ವರ್ಷ ಒಟ್ಟಿಗಿದ್ದರು. ಮೆಲಿಫಾಳ ಎದೆಗೆ ಸೆರೆಮನೆಯಲ್ಲಿಯೇ ಕೆಮ್ಮು ಹಿಡಿದಿತ್ತು. ಅದರಿಂದಲೇ ಸತ್ತಳು, ಒಂದು ಗುರುವಾರ.

ಗುಂಡಿಯ ಬಳಿ ಪದ್ಧತಿಯಂತೆ ಗ್ರೆವಾಜಿಯೊ ಎದ್ದನು. ಟೋಪಿ ತೆಗೆದನು. ಕಣ್ಣಲ್ಲಿ ನೀರು ಕೂಡ ತಂದುಕೊಂಡಿದ್ದನು. ಮಾತಿಗೆ ಇನ್ನು ಯಾವ ಅಪಾಯವೂ ಇರಲಿಲ್ಲ. ಕೇಳುವ ಪೊಲೀಸರಿಲ್ಲ, ತಿರುಗಿ ನೋಡುವ ಸೊಸೆಯಿಲ್ಲ. “ನನ್ನ ತಂಗಿಯ ಈ ಮಗಳು...” ಎಂದು ಆರಂಭಿಸಿದನು.

“ತಾತ, ಕೂತ್ಕೊಳ್ಳಿ,” ಎಂದಳು ಫನೆಸಿ.

ಜನ ಬೆಚ್ಚಿತು. ಮುಖಂಡ “ಏಯ್, ಹೆಣ್ಣು ಮಸಣದಲ್ಲಿ...” ಎನ್ನುವಷ್ಟರಲ್ಲಿ ಅವಳು ಮುಂದೆ ಬಂದಿದ್ದಳು.

“ಕೋರ್ಟಿನಲ್ಲಿ ಕೂತಿದ್ರಲ್ಲ ತಾತ, ಇಲ್ಲೂ ಒಂದ್ ಗಳಿಗೆ ಕೂತ್ಕೊಳ್ಳಿ. ಹೆಚ್ಚು ಹೊತ್ತಾಗಲ್ಲ. ನಮ್ಮಮ್ಮ ಪ್ರತಿ ಶನಿವಾರ ನೆಲ ಸಾರಿಸ್ತಿದ್ಲು. ನಿಮಗೆಲ್ಲ ಗೊತ್ತಿತ್ತು. ಇಷ್ಟೇ ನನ್ನ ಮಾತು. ಮಣ್ಣು ಹಾಕಿ.”

ಮುದುಕ ಕುಳಿತನು. ಟೋಪಿಯ ಅಂಚನ್ನು ನೋಡತೊಡಗಿದನು. ನಾಮಲಿಮಾ ಒಬ್ಬಳೇ ಎರಡು ಸಲ ಮೆಲ್ಲಗೆ ಚಪ್ಪಾಳೆ ತಟ್ಟಿ ಆ ಮಾತಿಗೆ ಗೌರವ ಕೊಟ್ಟಳು. ನಾನು ಮೂರನೆಯ ಸಲ ತಟ್ಟಿದೆ, ತಡವಾಗಿ. ಉಳಿದವರು ಮಣ್ಣು ಹಾಕಿದರು, ಕೈ ತೊಳೆದರು, ಮೆಕ್ಕೆಜೋಳದ ಮುದ್ದೆಯನ್ನು ಮಾಂಸದ ಸಾರಿನಲ್ಲಿ ಅದ್ದಿ ಹೊಟ್ಟೆ ತುಂಬ ಉಂಡರು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಮುಖಂಡನ ಹೆಂಡತಿ ಹೇಳಿದಳು.

ಮೆಲಿಫಾ ನಾಖುಮ್ವಾ ಬಿಟ್ಟುಹೋದದ್ದು:

ಮೈಗೆ ಸುತ್ತುವ ಬಣ್ಣದ ಬಟ್ಟೆ ಎರಡು, ಒಂದರ ಅಂಚು ಹರಿದಿದೆ.
ಸೆರೆಮನೆಯ ಮುದ್ರೆಯಿರುವ ಬೈಬಲ್. ಆಕೆಗೆ ಓದು ಬರುತ್ತಿರಲಿಲ್ಲ.
ಬಿಡುಗಡೆಯ ಕಾಗದ. ‘ಅಪರಾಧ’ ಎಂಬುದರ ಮುಂದೆ ‘ಕೊಲೆ’ ಎಂದೇ ಇದೆ.
ಕಾವು ಕೂತ ಒಂದು ಕೋಳಿ.
ಬಿತ್ತನೆಗೆಂದು ತೆಗೆದಿಟ್ಟ ತೊಗರಿ, ಅರ್ಧ ಬುಟ್ಟಿ.
ತಗಡಿನ ಬೋಗುಣಿ, ತಳದಲ್ಲಿ ಒಣಗಿದ ಕೆಮ್ಮಣ್ಣು. ಇದನ್ನು ಫನೆಸಿ ತೊಳೆಯಗೊಡಲಿಲ್ಲ; ಶನಿವಾರ ಅದಕ್ಕೇ ನೀರು ಹೊಯ್ದು ಕಲಸಿದಳು.