ಬೀಗರ ಎದುರು ಎಣ್ಣೆಸ್ನಾನ

1987ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು, ಅರ್ಧ ವಾರ್ಷಿಕ ಪರೀಕ್ಷೆಗೂ ಮುಂಚೆ. ರಾಜಾಜಿನಗರದ ವರ್ಕ್‌ಶಾಪೊಂದರಲ್ಲಿ ಲೇತ್ ಮೆಶೀನಿನ ಮುಂದೆ ನಿಂತವನು ಇವತ್ತಿಗೂ ಮೆಶೀನಿನ ಮುಂದೆಯೇ ನಿಂತಿದ್ದೇನೆ. ಊರು ಮಾತ್ರ ಸ್ವೀಡನ್ನಿನ ಗೋಥೆನ್‌ಬರ್ಗ್.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ಇದೇ ಅಂಕಣದಲ್ಲಿ ಹತ್ತು ಸಲವಾದರೂ ಬರೆದಿದ್ದೇನೆ. ನೀವೂ ಹೌದೆಂದು ತಲೆಯಾಡಿಸಿದ್ದೀರಿ. ಆದರೆ ನಿಮಗೆ ಬರೆಯುವುದು ಬೇರೆ, ಬೀಗರ ಎದುರು ಬಾಯಿಬಿಟ್ಟು ಹೇಳುವುದು ಬೇರೆ. ಅದು ಗೊತ್ತಾದದ್ದು ಈ ಸಲದ ದೀಪಾವಳಿ ಊಟದಲ್ಲಿ.

ಮಗಳು ಮೇಘನಾಗೆ ಮೇ ತಿಂಗಳಲ್ಲಿ ಮದುವೆ. ಹುಡುಗ ಎರಿಕ್, ಇಲ್ಲಿಯವನೇ. ಅವನ ತಂದೆ ಯೋರಾನ್ ಉಮೆಯೊದಲ್ಲಿ ಪ್ರೊಫೆಸರ್ ಆಗಿದ್ದವರು, ಈಗ ನಿವೃತ್ತರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅವರು ನನ್ನನ್ನು ಕೇಳಿದರು, "ನೀವು ಓದಿದ್ದು ಯಾವ ಯೂನಿವರ್ಸಿಟಿಯಲ್ಲಿ?"

ನಾನು ಹೇಳಿದೆ, "ಬೆಂಗಳೂರು."

ಒಂದೇ ಪದ. ಕೆಲಸ ಕಲಿತದ್ದು ಬೆಂಗಳೂರಿನಲ್ಲೇ ಅಲ್ಲವೇ ಎಂದು ಮನಸ್ಸಿಗೆ ಸಮಜಾಯಿಷಿ ಕೊಟ್ಟುಕೊಂಡೆ. ಆದರೆ ಅವರು ಕೇಳಿದ್ದು ಕೆಲಸವನ್ನಲ್ಲ. ಆದ್ದರಿಂದ ಅದು ಸುಳ್ಳೇ.

(ಲಿಂಡ್‌ಹೋಲ್ಮೆನ್‌ನ ನಮ್ಮ ಐಟಿ ಹುಡುಗರು ಫಿಕಾ ಎಂಬ ಇಲ್ಲಿನ ಕಾಫಿ ವಿರಾಮಕ್ಕೆ ಕೂತರೆ, ಕಾಫಿ ಬರುವ ಮೊದಲೇ 'ಯಾವ ಕಾಲೇಜು ಸರ್?' ಅಂತಾರೆ. ಅವರಿಗೆ ಒಂಬತ್ತನೇ ಕ್ಲಾಸು ಎಂದು ಧೈರ್ಯವಾಗಿ ಹೇಳಿ, ಅವರೇ ಮುಜುಗರಪಡುವುದನ್ನು ನೋಡಿ ಖುಷಿಪಟ್ಟವನು ನಾನು. ಆ ಧೈರ್ಯ ಅವತ್ತು ಎಲ್ಲಿ ಹೋಗಿತ್ತು?)

ಅಡುಗೆಮನೆಯಲ್ಲಿ ಮಗಳು ಹಿಡಿದುಕೊಂಡಳು.

"ಅಪ್ಪಾ, ಸ್ಕೂಲ್ ಫಾರ್ಮಲ್ಲಿ ಅಪ್ಪನ ಓದು ತುಂಬೋವಾಗ ಏನಂತಿದ್ರಿ? ನಾಚ್ಕೋಬೇಡ, ಒಂಬತ್ತನೇ ಕ್ಲಾಸ್ ಅಂತ ದಪ್ಪ ಅಕ್ಷರದಲ್ಲಿ ಬರಿ ಅಂತಿದ್ರಿ. ಈಗ ಏನಾಯ್ತು?"

"ಬಾಯಿಗೆ ಬಂದ್ಬಿಡ್ತು ಕಣೆ."

"ಮದುವೆಗೆ ಮುಂಚೆ ನೀವೇ ಹೇಳಿ. ನಾನ್ ಹೇಳಲ್ಲ, ಎರಿಕ್‌ಗೂ ಹೇಳಕ್ಕೆ ಬಿಡಲ್ಲ. ನೀವು ಹೇಳ್ದೇ ಇದ್ರೆ ಧಾರೆ ಎರೆಯಕ್ಕೆ ಚಿಕ್ಕಪ್ಪನ್ನ ಕರೀತೀನಿ."

ತಮಾಷೆ ಅಲ್ಲ. ಇವಳು ಹೇಳಿದರೆ ಮಾಡುವವಳು. (ಯಾರ ಮಗಳು ಎಂದು ಕೇಳಬೇಡಿ.)

ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಮೂರು ಸಲ ಫೋನ್ ಮಾಡಿ ಮೂರು ಸಲವೂ ಹಿಮದ ಬಗ್ಗೆ ಮಾತಾಡಿ ಇಟ್ಟೆ. ಜನವರಿಯಲ್ಲಿ ಯೋರಾನ್ ಅವರೇ ಫೋನ್ ಮಾಡಿದರು. ಕಾಡಿನೊಳಗೆ, ಕೆರೆಯ ದಂಡೆಯಲ್ಲಿ ಜಪಾನಿ ಮಾದರಿಯ ಒಂದು ಸ್ನಾನದ ಛತ್ರವಿದೆ, ಅಪ್ಪಂದಿರಿಬ್ಬರೂ ಒಂದು ದಿನ ಅಲ್ಲಿ ಇದ್ದು ಬರೋಣ ಎಂದರು.

ಸ್ವೀಡನ್ನಿನಲ್ಲಿ ಬಿಸಿನೀರಿನ ಬುಗ್ಗೆ ಎಲ್ಲಿಂದ ಬರಬೇಕು? ಇಲ್ಲಿನದು ಸೌದೆ ಒಲೆಯಲ್ಲಿ ಕಾಯಿಸಿದ ನೀರು. ಮಿಕ್ಕಿದ್ದೆಲ್ಲ ಜಪಾನಿನ ಬುಗ್ಗೆಯೂರುಗಳಲ್ಲಿ ಇರುವಂತೆಯೇ. ನೆಲಕ್ಕೆ ಹುಲ್ಲಿನ ಚಾಪೆ, ಅದರ ಮೇಲೆ ಹಾಸಿಗೆ, ಉಡಲು ಒಂದು ಹತ್ತಿ ನಿಲುವಂಗಿ, ಹೊರಗೆ ಹಿಮದ ನಡುವೆ ದೊಡ್ಡ ಮರದ ತೊಟ್ಟಿ. ತೊಟ್ಟಿಗೆ ಇಳಿಯುವಾಗ ಮೈಮೇಲೆ ಒಂದು ನೂಲೂ ಇರಬಾರದು.

ಬೀಗರ ಎದುರು ಶರ್ಟಿನ ಮೇಲಿನ ಗುಂಡಿ ಬಿಚ್ಚಲೂ ಯೋಚಿಸುವ ಜನ ನಾವು.

"ಹೋಗ್ರೀ, ಏನಾಗಲ್ಲ," ಅಂದಳು ಹೆಂಡತಿ ಸುಮಿತ್ರಾ, ಬ್ಯಾಗಿಗೆ ಕೊಬ್ಬರಿ ಎಣ್ಣೆಯ ಬಾಟಲಿ ತುರುಕುತ್ತಾ. "ಬಿಸಿನೀರಿನ ಸ್ನಾನ ಅಂದ್ಮೇಲೆ ಎಣ್ಣೆ ಇಲ್ದೆ ಹೆಂಗೆ? ಮೈಯೆಲ್ಲಾ ಬಿರಿಯುತ್ತೆ."

ನನಗೂ ಸರಿ ಅನ್ನಿಸಿತು. ನಿಮಗೂ ಸರಿ ಅನ್ನಿಸುತ್ತಿದೆ ತಾನೇ? ಹಂಡೆ ತುಂಬ ನೀರು ಕಾಯುತ್ತಿದೆ ಎಂದರೆ ನಮ್ಮ ಕೈ ತಾನಾಗಿ ಎಣ್ಣೆ ಬಟ್ಟಲಿಗೆ ಹೋಗುತ್ತದೆ. ಕೋಣೆ ಸೇರಿದವನೇ ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಿ, ಗಸಗಸ ತಿಕ್ಕಿ, ಅರ್ಧ ಗಂಟೆ ನೆನೆದು, ನಿಲುವಂಗಿ ಸುತ್ತಿಕೊಂಡು ಇಳಿದೆ.

ಛತ್ರದ ಯಜಮಾನಿ ಮಿಚಿಕೋ ಎಂಬ ಜಪಾನಿ ಹೆಂಗಸು. ಸ್ನಾನದ ಮನೆಯ ಬಾಗಿಲಲ್ಲಿ ನನ್ನ ಹಣೆ ನೋಡಿದರು. ನಿಲುವಂಗಿಯ ಕಲೆ ನೋಡಿದರು. ಸೊಂಟದವರೆಗೆ ಬಾಗಿ ನಮಸ್ಕರಿಸಿ, ಬಾಗಿಲಿಗೆ ಅಡ್ಡ ನಿಂತರು.

"ಇದೇನು?"

"ಎಣ್ಣೆ. ನಮ್ಮ ಪದ್ಧತಿ."

"ಬಹಳ ಒಳ್ಳೆಯ ಪದ್ಧತಿ ಇರಬೇಕು," ಎಂದರು ಸ್ವೀಡಿಷ್‌ನಲ್ಲಿ, ಮೆತ್ತಗೆ. "ಆದರೆ ಒಂದು ಹನಿ ಬಿದ್ದರೂ ತೊಟ್ಟಿ ಪೂರ್ತಿ ಖಾಲಿ ಮಾಡಬೇಕು. ಮತ್ತೆ ತುಂಬಿ ಕಾಯಿಸಲು ಆರು ಗಂಟೆ. ನಮ್ಮಲ್ಲಿ ಮೈ ಪೂರ್ತಿ ತೊಳೆದ ಮೇಲೆಯೇ ನೀರಿಗೆ ಇಳಿಯುವುದು. ಕೊಳೆ ಕಳೆಯುವುದು ಹೊರಗೆ, ತೊಟ್ಟಿ ಸುಖಕ್ಕೆ ಮಾತ್ರ."

ಒಳಗೆ ಯೋರಾನ್ ಪುಟ್ಟ ಮಣೆಯ ಮೇಲೆ ಕೂತು ಮೈಗೆ ಸೋಪು ಹಚ್ಚುತ್ತಿದ್ದರು. ಉದ್ದದ ಮನುಷ್ಯ, ಮಂಡಿ ಕಿವಿಗೆ ತಾಗುತ್ತಿತ್ತು. ಪಕ್ಕದ ಮಣೆಯ ಮೇಲೆ ನಾನು ಚಕ್ಕಂಬಕ್ಕಳ ಹಾಕಿಕೊಂಡು ಕೂತೆ. ಒಂದು ಸಲ ಸೋಪು. ಜಾರುತ್ತದೆ. ಎರಡನೇ ಸಲ. ಇನ್ನೂ ಜಾರುತ್ತದೆ. ಮಿಚಿಕೋ ಬಾಗಿಲ ಸಂದಿಯಿಂದ ಪಾತ್ರೆ ತೊಳೆಯುವ ಲಿಕ್ವಿಡ್ ಕೊಟ್ಟರು. ಅದಕ್ಕೂ ಸುಮಿತ್ರಾಳ ಎಣ್ಣೆ ಬಗ್ಗಲಿಲ್ಲ. ಯೋರಾನ್ ತಮ್ಮ ಸ್ನಾನ ಮುಗಿಸಿಯೂ ತೊಟ್ಟಿಗೆ ಹೋಗದೆ ಕೂತೇ ಇದ್ದರು.

"ಹೋಗಿ, ನೀವು ಹೋಗಿ," ಎಂದೆ.

"ಒಟ್ಟಿಗೆ ಬಂದಿದ್ದೇವೆ," ಎಂದರು.

ಕೊನೆಗೆ ನಾನು ಬಾಗಿಲ ಸಂದಿಗೆ ಮುಖವಿಟ್ಟು ಕೇಳಿದೆ, "ಕಡಲೆ ಹಿಟ್ಟು ಇದೆಯಾ?"

ಕಡಲೆ ಇರಲಿಲ್ಲ. ಸಿಹಿತಿಂಡಿಗೆ ಉದುರಿಸುವ ಹುರಿದ ಸೋಯಾ ಹಿಟ್ಟು ಇತ್ತು. ದೊಡ್ಡ ಬಟ್ಟಲಿನಲ್ಲಿ ಬಂತು. ಮೈ ಒರೆಸಿಕೊಂಡು, ಮತ್ತೆ ನೀರು ಸೋಕಿಸದೆ ಹಿಟ್ಟು ಮೆತ್ತಿ ಉಜ್ಜಿದೆ. ಹಿಟ್ಟು ಎಣ್ಣೆ ಕುಡಿದು ಉಂಡೆಯಾಗಿ ಉದುರತೊಡಗಿತು.

ಯೋರಾನ್ ಬಗ್ಗಿ ನೋಡಿದರು. ಒಂದು ಉಂಡೆ ಎತ್ತಿ ಹಿಸುಕಿದರು. ಪ್ರೊಫೆಸರ್ ಅಲ್ಲವೇ.

"ಎಣ್ಣೆಯನ್ನು ಹಿಟ್ಟು ಎಳೆಯುತ್ತದೆ. ಸರಳ. ಇದನ್ನೂ ಯೂನಿವರ್ಸಿಟಿಯಲ್ಲಿ ಕಲಿಸಿದರಾ?"

ಮೂರು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಹೊರಗೆ ಬಂತು. ಮೈಮೇಲೆ ಬಟ್ಟೆಯಿಲ್ಲ, ಅರ್ಧ ಮೈಗೆ ಹಿಟ್ಟು. ಇನ್ನು ಉಳಿಸಿಕೊಳ್ಳಬೇಕಾದ ಮಾನವಾದರೂ ಯಾವುದು?

"ನಾನು ಯೂನಿವರ್ಸಿಟಿಗೆ ಹೋಗಿಲ್ಲ. ಒಂಬತ್ತನೇ ಕ್ಲಾಸಿಗೇ ಓದು ನಿಲ್ಲಿಸಿದೆ. ಹಿಟ್ಟಿನ ವಿಷಯ ಅಮ್ಮ ಕಲಿಸಿದ್ದು. ಅವತ್ತು ನಾನು ಹೇಳಿದ್ದು ಸುಳ್ಳು."

ಸ್ವೀಡಿಷ್ ಮೌನ ಎಷ್ಟು ಉದ್ದ ಎಂಬುದು ಇಲ್ಲಿರುವ ನಿಮಗೆ ಗೊತ್ತು. ನಲ್ಲಿಯಿಂದ ಹನಿ ಬೀಳುತ್ತಿತ್ತು. ನಾನು ತಲೆ ತಗ್ಗಿಸಿ ಮಂಡಿ ಉಜ್ಜುತ್ತಿದ್ದೆ. ಧಾರೆ ಮಂಟಪದಲ್ಲಿ ನನ್ನ ತಮ್ಮ ರೇಷ್ಮೆ ಪಂಚೆಯುಟ್ಟು ನಿಂತಂತೆ ಕಂಡಿತು.

"ಸುಳ್ಳು ನನಗೆ ಇಷ್ಟವಾಗುವುದಿಲ್ಲ," ಎಂದರು ಯೋರಾನ್ ಕೊನೆಗೆ.

"ನನಗೂ."

"ಹೇಳಿದ್ದು ಒಳ್ಳೆಯದಾಯಿತು." ಕೈಯಲ್ಲಿದ್ದ ಉಂಡೆಯನ್ನು ಕೆಳಗಿಟ್ಟರು. "ಹಾಗಾದರೆ ನೀವು ಇಂಜಿನಿಯರ್ ಅಲ್ಲ?"

"ಅಲ್ಲ. ಫಿಟ್ಟರ್."

"ನಿಜವಾಗಿಯೂ ಕೈಯಿಂದ ರಿಪೇರಿ ಮಾಡುತ್ತೀರಾ?"

"ಮೂವತ್ತೆಂಟು ವರ್ಷದಿಂದ."

ಅವರ ಮುಖ ಅರಳಿತು. "ನನ್ನ ಬೇಸಿಗೆ ಮನೆಯ ನೀರಿನ ಪಂಪ್ ನಾಲ್ಕು ವರ್ಷದಿಂದ ಕೆಟ್ಟಿದೆ. ನಿಮ್ಮನ್ನು ಕೇಳೋಣ ಅಂದುಕೊಂಡಿದ್ದೆ. ಇಂಜಿನಿಯರ್ ಎಂದುಕೊಂಡು ಸುಮ್ಮನಾದೆ. ನನ್ನ ಗೆಳೆಯರಲ್ಲಿ ಆರು ಜನ ಇಂಜಿನಿಯರ್‌ಗಳು. ಆರೂ ಜನ ಪಂಪ್ ಏಕೆ ಕೆಟ್ಟಿದೆ ಎಂದು ವಿವರಿಸಿ, ಕಾಫಿ ಕುಡಿದು ಹೋದರು."

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಬಟ್ಟಲು ಎಳೆದುಕೊಂಡು, "ಬೆನ್ನಿಗೆ ನಿಮ್ಮ ಕೈ ಎಟುಕುವುದಿಲ್ಲ, ತಿರುಗಿ" ಎಂದು ಹಿಟ್ಟು ತೆಗೆದುಕೊಂಡು ಉಜ್ಜತೊಡಗಿದರು. ನಮ್ಮಲ್ಲಿ ಹೆಣ್ಣಿನ ತಂದೆ ವರನ ಕಾಲು ತೊಳೆಯುವುದು ಶಾಸ್ತ್ರ. ಇಲ್ಲಿ ವರನ ತಂದೆ ಹೆಣ್ಣಿನ ತಂದೆಯ ಬೆನ್ನು ತೊಳೆಯುತ್ತಿದ್ದರು. ಯಾವ ಪುರೋಹಿತರನ್ನು ಕೇಳಲಿ?

ಹಿಟ್ಟು ತೊಳೆದ ಮೇಲೆ ಮಿಚಿಕೋ ಬಾಗಿಲ ಸಂದಿಯಿಂದ ನನ್ನ ಮೊಣಕೈ ಹೊರಗೆ ಚಾಚಲು ಹೇಳಿ, ಬೆರಳಿನಿಂದ ಒರೆಸಿ ನೋಡಿ, ಪಾಸು ಮಾಡಿದರು. ನಾನು ಬದುಕಿನಲ್ಲಿ ಪಾಸಾದ ಕೊನೆಯ ಪರೀಕ್ಷೆ ಎಂಟನೇ ಕ್ಲಾಸಿನದು. ಹಾಗಾಗಿ ಸಣ್ಣ ವಿಷಯವಲ್ಲ.

ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಬಿಸಿನೀರು, ತಲೆಯ ಮೇಲೆ ಹಿಮ. ಇಬ್ಬರೂ ಪಂಪಿನ ವಾಷರ್ ಬಗ್ಗೆ ಒಂದು ಗಂಟೆ ಮಾತಾಡಿದೆವು. ಅಷ್ಟು ಮಾತನ್ನು ನಾನು ಯಾವ ಸ್ವೀಡಿಷ್ ಮನುಷ್ಯನ ಬಾಯಲ್ಲೂ ಕೇಳಿರಲಿಲ್ಲ.

ಕೋಣೆಗೆ ಬಂದು ಮಗಳಿಗೆ ಫೋನ್ ಮಾಡಿದೆ.

"ಹೇಳಿದ್ರಾ?"

"ಹೇಳ್ದೆ."

"ಬೈದ್ರಾ?"

"ಸ್ವಲ್ಪ. ಆಮೇಲೆ ಬೆನ್ನು ತಿಕ್ಕಿದ್ರು."

"ಸರಿ ಅಪ್ಪಾ. ಚಿಕ್ಕಪ್ಪಂಗೆ ಊಟಕ್ಕೆ ಮಾತ್ರ ಬರಕ್ಕೆ ಹೇಳ್ತೀನಿ," ಅಂದಳು.

ಈಗ ನನ್ನ ಬಳಿ ಇರುವುದು ಇಷ್ಟು: ಹೆಂಡತಿ ಒಬ್ಬಳು, ಮಗಳು ಒಬ್ಬಳು, ಅಳಿಯ ಒಬ್ಬ, ಬೀಗ ಒಬ್ಬರು, ಡಿಗ್ರಿ ಒಂದೂ ಇಲ್ಲ.