ಅಕ್ಕ ಕಳಿಸುತ್ತಿದ್ದ ಉಡಿದಾರ

ಅವಳ ಸೆರಗು ಎದೆಯ ಮೇಲೆ ಎರಡು ಕಡೆ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಒಣಗಿದ ಮೇಲೆ ಆ ಜಾಗ ಗಂಜಿ ಹಾಕಿದ ಬಟ್ಟೆಯ ಹಾಗೆ ಗಟ್ಟಿಯಾಗಿ, ಅಂಚಿಗೆ ಹಳದಿ ಗೀರು ಬಿಡುತ್ತಿತ್ತು. ಹಾಲೂಡುವ ಹೆಂಗಸು ಹಾಗಿರುವುದು ಸಹಜ, ಅದರಲ್ಲೇನು ಹೇಳುವಂಥದ್ದು ಅನ್ನಬಹುದು. ಅವಳ ಮಡಿಲಲ್ಲಿ ಕೂಸಿರಲಿಲ್ಲ.

ಅವಳು ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ಉದ್ದ ಹಲ್ಲು, ನಗುವಾಗ ಮೂಗಿನ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ಕೂತಲ್ಲಿ ಸುಮ್ಮನಿರುತ್ತಿರಲಿಲ್ಲ. ಮೊಣಕಾಲ ಮೇಲಕ್ಕೆ ಸೀರೆ ಸರಿಸಿ, ತೊಡೆಯ ಮೇಲೆ ಹತ್ತಿ ಉಜ್ಜಿ ಉಜ್ಜಿ ದಾರ ಹೊಸೆಯುತ್ತಿದ್ದಳು. ಕೇರಿಯ ಮಕ್ಕಳ ಸೊಂಟಕ್ಕೆಲ್ಲ ಅವಳು ಹೊಸೆದ ಕರಿ ಉಡಿದಾರವೇ. ಯಾರಾದರೂ ಬೇಗ ಬೇಗ ಅಂತ ಅವಸರ ಮಾಡಿದರೆ, "ಇರು ತಾಯಿ, ಮಲೆಯೇನು ಓಡಿ ಹೋಗ್ತದಾ" ಅನ್ನುತ್ತಿದ್ದಳು. ತಮಿಳು ಸೀಮೆಯ ತೇವಾರ ಅನ್ನುವ ಊರಿನ ಪಕ್ಕ, ಮಲೆಯ ಬುಡದಲ್ಲೇ ನಮ್ಮ ಊರು. ಕಣ್ಣು ಬಿಟ್ಟರೆ ಮಲೆ, ಬಾಗಿಲು ತೆಗೆದರೆ ಮಲೆ. ಅದು ಓಡಿ ಹೋಗಿದ್ದರೆ ನಾವು ಉಳಿಯುತ್ತಿದ್ದೆವು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಗಂಡಸರೆಲ್ಲ ಮೇಲೆ ಹೊಳೆಗೆ ಅಡ್ಡಲಾಗಿ ಅಣೆ ಕಟ್ಟುವ ಕೆಲಸಕ್ಕೆ ಹೋಗಿದ್ದ ವರ್ಷಗಳು ಅವು. ನನ್ನ ಗಂಡನೂ ಭಾವನೂ ಅಲ್ಲೇ ಇದ್ದರು. ಮನೆಯಲ್ಲಿ ಅತ್ತೆ, ಅಕ್ಕ, ನಾನು. ಇದ್ದ ಹೊಲದ ಜೋಳ ಸಂಕ್ರಾಂತಿಯವರೆಗೂ ಬರುತ್ತಿರಲಿಲ್ಲ. ಅದಕ್ಕೇ ನಮ್ಮ ಕೇರಿಯಲ್ಲಿ ಮನೆಗೊಬ್ಬ ಹೆಂಗಸು ಏಲಕ್ಕಿ ಮಲೆಗೆ ಹೋಗುವುದು ಕಟ್ಟಳೆಯಾಗಿತ್ತು. ಆಳು ಕರೆದೊಯ್ಯುವ ಕಂಗಾಣಿ ಮಳೆಗಾಲ ಶುರುವಾಗುವಾಗ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಹೋದವಳು ಮೊದಲು ಕಳೆ ಕೀಳಬೇಕು, ಆಮೇಲೆ ಕಾಯಿ ಬಿಡಿಸಬೇಕು, ಸುಗ್ಗಿ ಮುಗಿಯುವವರೆಗೂ ಇಳಿಯುವ ಹಾಗಿಲ್ಲ. ಹೋದವಳು ಬಾಣಂತಿಯೋ ಬಸುರಿಯೋ ಅಂತ ಕಂಗಾಣಿ ಕೇಳುತ್ತಿರಲಿಲ್ಲ. ಅವನ ಮನೆಯಲ್ಲೂ ಹೆಂಗಸರಿದ್ದರು, ಅವರೂ ಹತ್ತುತ್ತಿದ್ದರು.

ಆ ವರ್ಷ ಅಕ್ಕನ ಸರದಿ. ನಾನು ಆಗಿನ್ನೂ ಹೆತ್ತು ಮಲಗಿದ್ದೆ. ಅವಳ ಗಂಡುಕೂಸು ನನ್ನ ಮಗಳಿಗಿಂತ ತುಸು ದೊಡ್ಡದು, ನಗುವುದಕ್ಕೆ ಕಲಿತಿತ್ತು. ಅದನ್ನು ಬೆನ್ನಿಗೆ ಕಟ್ಟಿಕೊಂಡೇ ಮಲೆ ಹತ್ತಿದಳು. ಮಳೆಯಲ್ಲಿ ಮರಕ್ಕೆ ಜೋಲಿ ಕಟ್ಟಿ, ಮೇಲೆ ಎಲೆ ಹೊದಿಸಿ, ಕಳೆ ಕಿತ್ತಳು. ಮಲೆಜ್ವರ ಇಬ್ಬರಿಗೂ ಬಂತು. ಕೂಸು ಉಳಿಯಲಿಲ್ಲ. ಅಲ್ಲೇ ಏಲಕ್ಕಿ ಬುಡದಲ್ಲಿ ಮಣ್ಣು ಮಾಡಿ, ಜ್ವರದಲ್ಲಿ ತೂರಾಡುತ್ತ ಇಳಿದು ಬಂದಳು. ಖಾಲಿ ಜೋಲಿಯನ್ನು ಮಡಿಚಿ ತಲೆಯ ಮೇಲೆ ಇಟ್ಟುಕೊಂಡಿದ್ದಳು. ಅತ್ತೆ ಬಾಗಿಲಲ್ಲಿ ಅದನ್ನು ನೋಡಿ ಅಲ್ಲೇ ಕೂತುಬಿಟ್ಟರು.

ಕೂಸು ಹೋದವಳ ಹಾಲು ಬತ್ತಿಸಬೇಕು, ಅದು ನಮ್ಮವರ ಪದ್ಧತಿ. ಅದಕ್ಕೆ ಮಲ್ಲಿಗೆ ಮೊಗ್ಗನ್ನು ಬಟ್ಟೆಯಲ್ಲಿಟ್ಟು ಎದೆಗೆ ಬಿಗಿಯಾಗಿ ಕಟ್ಟುತ್ತಾರೆ. ಅತ್ತೆ ಮಲ್ಲಿಗೆ ತರಿಸಿ ಕಟ್ಟಿದರು. ಅಕ್ಕ ಹಿತ್ತಲಿಗೆ ಹೋಗಿ ಬಿಚ್ಚಿ ಎಸೆದು ಬಂದಳು. ಮರುದಿನ ಮತ್ತೆ ಕಟ್ಟಿದರು, ಮತ್ತೆ ಎಸೆದಳು. ನಮ್ಮ ಅತ್ತೆ ಬೈಯುವುದು ತಮಿಳಿನಲ್ಲಿ, ಅಳುವುದು ಕನ್ನಡದಲ್ಲಿ. ಅವತ್ತು ತಮಿಳಿನಲ್ಲಿ ಶುರುಮಾಡಿದರು, ಕೇರಿಯೆಲ್ಲ ಕೇಳುವ ಹಾಗೆ. ಅಕ್ಕ ಎಲ್ಲ ಕೇಳಿಸಿಕೊಂಡು ಇಷ್ಟೇ ಅಂದಳು: "ಹಾಲೂ ಬತ್ತಿದರೆ ಅವನು ಇದ್ದ ಅನ್ನೋದಕ್ಕೆ ನನ್ನ ಹತ್ರ ಇನ್ನೇನು ಉಳೀತದೆ ಅತ್ತೆ?"

ದಿನಾ ಬೆಳಿಗ್ಗೆ ಊರ ಹೊರಗಿನ ಆಲದ ಬುಡಕ್ಕೆ ಹೋಗಿ ಹಾಲು ಹಿಂಡಿ ಬರುತ್ತಿದ್ದಳು. ಸತ್ತ ಕೂಸಿನ ಹಾಲು ಮಣ್ಣಿಗೇ ಸೇರಬೇಕು, ಇನ್ನೊಂದು ಕೂಸಿನ ಬಾಯಿಗೆ ಬೀಳಬಾರದು, ಬಿದ್ದರೆ ಸತ್ತದ್ದು ಇದನ್ನೂ ಕರೆಯುತ್ತದೆ ಅಂತ ಹಿರಿಯರ ಮಾತು. ನಾನೂ ಅದನ್ನು ಕೇಳಿಯೇ ಬೆಳೆದವಳು.

ಕಾಯಿ ಬಿಡಿಸುವ ಕಾಲಕ್ಕೆ ಕಂಗಾಣಿ ಮತ್ತೆ ಬಂದ. ಇಳಿದು ಬಂದವಳ ಬದಲು ಇನ್ನೊಬ್ಬಳು ಬೇಕು. ಅಕ್ಕನಿಗೆ ಒಂದು ದಿನ ಬಿಟ್ಟು ಒಂದು ದಿನ ಜ್ವರ, ಅತ್ತೆಗೆ ಸೊಂಟ ನಿಲ್ಲುತ್ತಿರಲಿಲ್ಲ. ಉಳಿದವಳು ನಾನು. ಕೂಸನ್ನು ಕರೆದುಕೊಂಡು ಹೋದರೆ ಮಲೆಜ್ವರ, ಬಿಟ್ಟು ಹೋದರೆ ಹಸಿವು. ಯಾವುದಾದರೂ ಒಂದನ್ನು ಆರಿಸಿಕೋ ಅನ್ನುವ ಹಾಗೆ ಎಲ್ಲರೂ ನನ್ನ ಮುಖ ನೋಡಿದರು. ಅತ್ತೆ ಆಡಿನ ಹಾಲು ಕುಡಿಸಿ ನೋಡಿದರು, ಮಗಳು ಕುಡಿದಷ್ಟನ್ನೂ ಕಕ್ಕಿದಳು. ಹಟ್ಟಿಯಲ್ಲಿ ದನವಿರಲಿಲ್ಲವೇ ಅಂದೀರಿ. ನಮ್ಮ ಹಟ್ಟಿಯದು ದೇವರ ದನ. ಅದರ ಹಾಲು ಕರುವಿಗೆ, ದೇವರಿಗೆ, ಮನೆಗಿಲ್ಲ. ಕೂಸು ಸತ್ತರೂ ಇಲ್ಲ.

ನನಗೆ ಊಟ ಸೇರಲಿಲ್ಲ. ನೀರಿನ ಕೊಡ ಕೈಬಿಟ್ಟು ಒಡೆದೆ. ಕೂಸು ಅತ್ತರೆ ಸಿಟ್ಟು, ಅಳದಿದ್ದರೆ ಭಯ. ಹಿಂಗೇ ಎತ್ತಿಕೊಂಡು ಹೋಗಿ ಬಾವಿಗೆ ಬೀಳೋಣ ಅಂತ ಒಂದು ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಕೂತಿದ್ದೆ. ಯಾರಿಗೂ ಹೇಳಿರಲಿಲ್ಲ. ಅಕ್ಕ ಜ್ವರದ ಕಂಬಳಿ ಹೊದ್ದುಕೊಂಡೇ ಬಂದು ಪಕ್ಕದಲ್ಲಿ ಕೂತಳು. ಸಮಾಧಾನ ಹೇಳಲಿಲ್ಲ. ನನ್ನ ಮಡಿಲಿಂದ ಕೂಸನ್ನು ತೆಗೆದುಕೊಂಡು, ಸೆರಗು ಸರಿಸಿ, ಎದೆಗೆ ಹಚ್ಚಿದಳು. ಮಗಳು ಗಟಗಟ ಕುಡಿದಳು. ಗಂಟಲಲ್ಲಿ ಹಾಲು ಇಳಿಯುವ ಸದ್ದು ನನಗೆ ಕೇಳಿಸಿತು.

"ಹೊಟ್ಟೆ ಕೇಳೋದು ಹಾಲ. ಯಾರ ಹಾಲು ಅಂತ ಅದು ಕೇಳಲ್ಲ. ನೀ ಹೋಗು ತಂಗಿ, ಇವಳು ನನ್ನ ಮಡ್ಲಲ್ಲಿ ಇರ್ಲಿ."

ಅತ್ತೆ ನೋಡಿಬಿಟ್ಟರು. ಹಿತ್ತಲ ಬಾಗಿಲಲ್ಲೇ ನಿಂತು, ಅದು ಸತ್ತ ಕೂಸಿನ ಮೊಲೆ, ಅದು ಇವಳನ್ನೂ ಕೈಹಿಡಿದು ಕರಕೊಂಡು ಹೋಗುತ್ತದೆ ಅಂತ ಕೂಗಿದರು. ಅಕ್ಕ ತಲೆ ಎತ್ತಲಿಲ್ಲ.

"ಅವನಿಗೆ ನಡಿಯೋಕೇ ಬರ್ತಿರ್ಲಿಲ್ಲ ಅತ್ತೆ. ಇವಳನ್ನ ಎಲ್ಲಿಗೆ ಕರಕೊಂಡು ಹೋದಾನು?"

ಅತ್ತೆ ಕೂಸನ್ನು ಕಿತ್ತುಕೊಳ್ಳಲಿಲ್ಲ. ಒಪ್ಪಿದರು ಅಂತಲ್ಲ. ಅಕ್ಕನ ತಟ್ಟೆ ಬೇರೆ ಇಟ್ಟರು, ಅವಳು ಮುಟ್ಟಿದ ನೀರು ಕುಡಿಯಲಿಲ್ಲ. ಅಕ್ಕ ಬೇರೆ ತಟ್ಟೆಯಲ್ಲೇ ಉಂಡಳು.

ಹೊರಡುವ ದಿನ ಮಲ್ಲಿಗೆ ಕಟ್ಟಿಕೊಂಡು ಹೋಗಲಾ ಅಂತ ಅಕ್ಕನನ್ನೇ ಕೇಳಿದೆ. ಬತ್ತಿದರೆ ನೋವಾದರೂ ಇರುವುದಿಲ್ಲ. ಅವಳು ಬೇಡ ಅಂದಳು. "ದಿನಾ ಹಿಂಡು, ನೀ ಬರೋವರ್ಗೂ ಇರ್ತದೆ. ಕೂಸ ನೆನೆಸ್ಕೋಬೇಡ ಅಂತ ಹೇಳ್ತಾರೆ, ಕೇಳಬೇಡ. ನೆನೆಸ್ಕೊಂಡು ಅತ್ತುಬಿಡು. ಅತ್ತರೆ ಹಾಲು ಇಳೀತದೆ, ತಡಕೊಂಡರೆ ಎದೇಲಿ ಗಡ್ಡೆ ಕಟ್ತದೆ." ಇದು ಆಲದ ಬುಡದಲ್ಲಿ ಅವಳು ಒಬ್ಬಳೇ ಕಲಿತದ್ದು ಅಂತ ಆಮೇಲೆ ಹೊಳೆಯಿತು.

ಮಲೆಯ ಮೇಲೆ ಬಾಗಿ ಕಾಯಿ ಬಿಡಿಸುವಾಗ ಎಲ್ಲೋ ಯಾರದೋ ಕೂಸು ಅತ್ತರೆ ನನ್ನ ಎದೆ ಸೋರುತ್ತಿತ್ತು. ಜಿಗಣೆ ಕಚ್ಚಿದ್ದು ಗೊತ್ತಾಗುತ್ತಿರಲಿಲ್ಲ, ಅದು ಗೊತ್ತಾಗುತ್ತಿತ್ತು. ಗಿಡಗಳ ನಡುವೆ ಕೂತು ಹಿಂಡುತ್ತಿದ್ದೆ, ಅಳುತ್ತಿದ್ದೆ. ಯಾವ ಗಿಡದ ಬುಡದಲ್ಲಿ ಅಕ್ಕನ ಮಗನನ್ನು ಮಲಗಿಸಿದ್ದಾರೋ ಯಾರಿಗೂ ನೆನಪಿರಲಿಲ್ಲ. ಹಿಂಡಿದ್ದು ಅವನಿಗೇ ಸೇರಲಿ ಅಂದುಕೊಳ್ಳುತ್ತಿದ್ದೆ. ಮಗಳು ಬದುಕಿದ್ದಾಳೋ ಇಲ್ಲವೋ ಅನ್ನುವುದೇ ಬೆಳಗಿಂದ ಬೈಗಿನವರೆಗೂ ತಲೆಯಲ್ಲಿ. ಅತ್ತೆಯ ಮಾತು ನಿಜವಾದರೆ ಅನ್ನುವ ಭಯ ಹೋಗಲಿಲ್ಲ. ಸುಳ್ಳು ಹೇಳುವುದೇಕೆ.

ಕೆಳಗಿನಿಂದ ಉಪ್ಪು ಅಕ್ಕಿ ಹೊರಿಸಿಕೊಂಡು ಕತ್ತೆಯವನು ಬರುತ್ತಿದ್ದ. ಒಂದು ದಿನ ಅವನು ಸೊಂಟದ ಗಂಟು ಬಿಚ್ಚಿ ಒಂದು ಕರಿ ದಾರ ಕೊಟ್ಟ. "ನಿಮ್ಮ ಅಕ್ಕ ಕೊಟ್ಟಳು. ಕೂಸಿಗೆ ಬಿಗಿಯಾಯ್ತಂತೆ, ಕತ್ತರಿಸಿದಳಂತೆ." ನನ್ನ ಮಗಳ ಉಡಿದಾರ. ನಾನು ಕಟ್ಟಿ ಬಂದದ್ದು. ಅದು ಬಿಗಿಯಾಗಬೇಕಾದರೆ ಕೂಸು ಬೆಳೆದಿರಬೇಕು. ನಾನು ಅದನ್ನು ಮುಂಗೈಗೆ ಸುತ್ತಿ ಸುತ್ತಿ ನೋಡಿದೆ. ಸುಗ್ಗಿ ಮುಗಿಯುವುದರೊಳಗೆ ಇನ್ನೊಂದು ಬಂತು, ಅದು ಮೊದಲಿನದಕ್ಕಿಂತ ಉದ್ದ. ಎರಡನ್ನೂ ಪಕ್ಕಪಕ್ಕ ಹಿಡಿದು, ಎಷ್ಟು ಉದ್ದವೋ ಅಷ್ಟು ಬೆಳೆದಿದ್ದಾಳೆ ಅಂದುಕೊಂಡೆ. ಆ ದಾರಗಳಿಲ್ಲದಿದ್ದರೆ ನಾನು ಮಲೆಯಿಂದ ಬುದ್ಧಿ ನೆಟ್ಟಗಿದ್ದು ಇಳಿಯುತ್ತಿರಲಿಲ್ಲ.

ಇಳಿದು ಬಂದಾಗ ಮಗಳು ದುಂಡಗೆ ಕೂತಿದ್ದಳು, ಅಕ್ಕನ ಮಡಿಲಲ್ಲಿ. ನಾನು ಕೈ ಚಾಚಿದೆ. ಚೀರಿ ಅಕ್ಕನ ಕುತ್ತಿಗೆ ಹಿಡಿದಳು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ನನ್ನ ಹಾಲಿತ್ತು, ಅಕ್ಕ ಹೇಳಿದ ಹಾಗೆ ಉಳಿಸಿಕೊಂಡೇ ಬಂದಿದ್ದೆ. ಮಗಳಿಗೆ ಬೇಡವಾಗಿತ್ತು. ನಾನು ಅಡುಗೆಕೋಣೆಯಲ್ಲಿ ಕೂತು ಅಳುವುದನ್ನು ಅಕ್ಕ ನೋಡಿದಳು. ಎದ್ದು ಹೋಗಿ ಬೇವಿನ ಸೊಪ್ಪು ಕಿತ್ತು ತಂದು, ಕಲ್ಲಿನ ಮೇಲೆ ಅರೆದು, ತನ್ನ ಎದೆಗೆ ಹಚ್ಚಿಕೊಂಡಳು. ಮಗಳು ಬಾಯಿ ಹಾಕಿದಳು, ಮುಖ ಕಿವುಚಿದಳು, ಅಕ್ಕನ ಮುಖವನ್ನೇ ನೋಡಿದಳು. ಮತ್ತೆ ಬಾಯಿ ಹಾಕಿದಳು, ಮತ್ತೆ ಕಹಿ. ಅಕ್ಕ ಅವಳನ್ನು ನನ್ನ ಮಡಿಲಿಗೆ ಹಾಕಿ, "ಈಗ ಕುಡೀತಾಳೆ, ಹಿಡಕೋ" ಅಂದು ಹಟ್ಟಿಯ ಕಡೆ ಹೋದಳು. ಸಂಜೆಯವರೆಗೂ ಬರಲಿಲ್ಲ. ಬೇವು ತೊಳೆದುಕೊಳ್ಳದೆ ಹಾಗೇ ಬಿಟ್ಟಿದ್ದಳು. ಕೆಲವು ದಿನಗಳಲ್ಲಿ ಅವಳ ಸೆರಗು ಒಣಗಿತು. ಮಲ್ಲಿಗೆಯಿಂದ ಬತ್ತಿಸಲು ಬಿಡದವಳು ನನಗೋಸ್ಕರ ಬತ್ತಿಸಿಕೊಂಡಳು.

ಹೀಗಾಯಿತಲ್ಲ, ಇನ್ನು ಒಳ್ಳೆಯದಾಯಿತು ಅಂತ ಕಥೆ ಹೇಳುವವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಆಗಲಿಲ್ಲ. ಮುಂದಿನ ವರ್ಷ ಮಳೆ ಬಂತು, ಕಂಗಾಣಿ ಬಂದ, ಮಗಳನ್ನು ಅಕ್ಕನ ಹತ್ತಿರ ಬಿಟ್ಟು ನಾನು ಹತ್ತಿದೆ. ಅದರ ಮುಂದಿನ ವರ್ಷವೂ ಹತ್ತಿದೆ. ಭಾವ ಅಣೆಯ ಕೆಲಸದಲ್ಲೇ ಜ್ವರ ಬಂದು ತೀರಿಹೋದರು, ನನ್ನ ಗಂಡ ಇನ್ನೂ ಅಲ್ಲೇ ಇದ್ದರು. ಅಕ್ಕನಿಗೆ ಮತ್ತೆ ಮಕ್ಕಳಾಗಲಿಲ್ಲ, ಆಗುವುದಕ್ಕೆ ಗಂಡನೂ ಇರಲಿಲ್ಲ. ಮಲೆಜ್ವರ ಅವಳ ಮೈಬಿಡಲಿಲ್ಲ, ಪ್ರತಿ ಮಳೆಗಾಲ ಬಂದು ಅಷ್ಟಷ್ಟೇ ತಿಂದುಕೊಂಡು ಹೋಗುತ್ತಿತ್ತು. ಆದರೂ ಪ್ರತಿ ಸುಗ್ಗಿಯಲ್ಲೂ ಕತ್ತೆಯವನ ಸೊಂಟದ ಗಂಟಿನಲ್ಲಿ ನನಗೊಂದು ಉಡಿದಾರ ಇರುತ್ತಿತ್ತು.

ಮಗಳು ಓಡಾಡಿ ಮಾತಾಡುವ ಹೊತ್ತಿಗೆ ಒಂದು ಸುಗ್ಗಿಯಲ್ಲಿ ದಾರ ಬರಲಿಲ್ಲ. ಕತ್ತೆಯವನು ಬಂದ, ಉಪ್ಪು ಇಳಿಸಿದ, ನನ್ನ ಕಡೆ ನೋಡದೆ ಹಗ್ಗ ಸುತ್ತುತ್ತ ನಿಂತ. ನಾನೇ ಹೋಗಿ ಕೇಳಿದೆ. "ನಿಮ್ಮ ಅಕ್ಕ ಹೋಗಿಬಿಟ್ಟಳು ತಾಯಿ" ಅಂದ. ಕಂಗಾಣಿಗೆ ಹೇಳಿ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಮಲಗುತ್ತಿದ್ದ ಜಾಗವನ್ನು ಸಗಣಿ ಹಾಕಿ ಸಾರಿಸಿದ್ದರು.

ಉಸಿರು ಹೋಗುವಾಗ ಬಾಯಿಗೆ ಹಾಲು ಬಿಡುವುದು ಮಕ್ಕಳ ಕೆಲಸ. ಅಕ್ಕನಿಗೆ ಯಾರು ಬಿಟ್ಟರು ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಪಕ್ಕದ ಮನೆಯವಳೇ ಹೇಳಿದಳು. ಕೇರಿಯವರು ಸೇರಿ, ಮಕ್ಕಳಿಲ್ಲದವಳು, ದಾಯಾದಿಗಳಲ್ಲಿ ಯಾವುದಾದರೂ ಗಂಡುಮಗುವನ್ನು ಕರೆಸೋಣ ಅಂದರಂತೆ. ನನ್ನ ಮಗಳು ಹತ್ತಿರ ಹೋದಾಗ, ಇನ್ನೊಬ್ಬಳು ಹೆತ್ತ ಹೆಣ್ಣುಕೂಸು, ದೂರ ಇಡಿ ಅಂತ ಹಿಂದಕ್ಕೆ ಎಳೆದರಂತೆ. ಅಷ್ಟು ವರ್ಷ ಅಕ್ಕನ ತಟ್ಟೆ ಬೇರೆ ಇಟ್ಟಿದ್ದ ಅತ್ತೆ ಮೂಲೆಯಿಂದ ಎದ್ದು ಬಂದು ಮಗಳ ಕೈಗೆ ಹಾಲಿನ ಬಟ್ಟಲು ಕೊಟ್ಟರಂತೆ.

"ಕುಡಿದೋಳೇ ಬಿಡ್ಲಿ" ಅಂದರಂತೆ. ಕನ್ನಡದಲ್ಲೇ ಅಂದರಂತೆ.

ನಾನು ಮಗಳನ್ನು ಮಡಿಲಿಗೆ ಎಳೆದುಕೊಂಡೆ. ಅವಳು ನನ್ನ ಸೆರಗು ಹಿಡಿದುಕೊಂಡು, "ದೊಡ್ಡವ್ವ ನುಂಗಲಿಲ್ಲ. ಎಲ್ಲ ಹೊರಗೆ ಬಂತು. ನಾ ಸರಿಯಾಗೇ ಬಿಟ್ಟೆ" ಅಂದಳು. ಸರಿಯಾಗೇ ಬಿಟ್ಟೆ ಅಂತ ನಾನೂ ಹೇಳಿದೆ. ಸೊಂಟ ಸವರಿದಾಗ ಕೈಗೆ ಉಡಿದಾರ ಸಿಕ್ಕಿತು. ಬಿಗಿಯಾಗಿ ಚರ್ಮದಲ್ಲಿ ಕೂತು ಕೆಂಪು ಗೀರು ಬಿದ್ದಿತ್ತು. ಅಕ್ಕ ಮಲಗಿದ ಮೇಲೆ ಅದನ್ನು ಯಾರೂ ನೋಡಿರಲಿಲ್ಲ. ನಾನು ಅದನ್ನು ಕತ್ತರಿಸಿದೆ. ಹೊಸದು ಹೊಸೆಯಲು ಕೂತರೆ ನನ್ನ ತೊಡೆಯ ಮೇಲೆ ದಾರ ನಿಲ್ಲಲಿಲ್ಲ, ಹಿಂಜಿ ಹಿಂಜಿ ಹೋಯಿತು.

ಮುಂದಿನ ಮಳೆಗೆ ಕಂಗಾಣಿ ಬಾಗಿಲಲ್ಲಿ ನಿಂತ. ಅತ್ತೆಗೆ ಅಷ್ಟರಲ್ಲಿ ಕಣ್ಣು ಕಾಣುತ್ತಿರಲಿಲ್ಲ. ನಾನು ಅಕ್ಕನ ಆ ಹಳೆ ಜೋಲಿಯಲ್ಲಿ ಕಂಬಳಿ ಸುತ್ತಿ ತಲೆಯ ಮೇಲಿಟ್ಟುಕೊಂಡೆ. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಜ್ವರದ ಮಲೆಯೆಂದು ಗೊತ್ತಿದ್ದೂ ಹತ್ತಿದೆ. ಬಿಟ್ಟು ಹೋಗೋಣವೆಂದರೆ ಕೆಳಗೆ ಅಕ್ಕ ಇರಲಿಲ್ಲ.