ಎಂಗೇಜ್ ಬಂದರೂ ಬಿಡದ ದೇಶ

ಆಗುವುದಿಲ್ಲ ಎಂದವರು ಇಬ್ಬರು. ಮೊದಲನೆಯವರು ದಾವಣಗೆರೆಯ ನಮ್ಮ ಸೋದರಮಾವ. ಮಂಡಕ್ಕಿ ಭಟ್ಟಿಯಲ್ಲಿ ಮರಳು ಕಾಯಿಸುವವರ ಮನೆಯ ಹುಡುಗಿ ಡಾಕ್ಟರೇಟು ಮಾಡಲು ಹೊರಟಿದ್ದಾಳೆ ಎಂದು ಕೇಳಿ, "ಅದು ಆಗಾದಲ್ಲ ಹೋಗಾದಲ್ಲ" ಎಂದು ಬೀಡಿ ಹಚ್ಚಿದವರು. ಎರಡನೆಯವರು ಸ್ಟಾಕ್‌ಹೋಮಿನ ವಿಶ್ವವಿದ್ಯಾಲಯದಲ್ಲಿ ನನ್ನ ಮಾರ್ಗದರ್ಶಕರಾಗಿದ್ದ ಪ್ರೊಫೆಸರು. "ಸ್ವೀಡನ್ನಿನ ಜನ ಹಾಗೆ ಮಾಡುವುದು ಸಾಧ್ಯವೇ ಇಲ್ಲ" ಎಂದವರು. ಮಾವ ಹೇಳಿದ್ದು ನನ್ನ ಬಗ್ಗೆ, ಪ್ರೊಫೆಸರು ಹೇಳಿದ್ದು ತಮ್ಮ ದೇಶದ ಬಗ್ಗೆ. ತಾವು ಹೇಳುತ್ತಿರುವ ವಿಷಯದ ಪರಿಚಯ ಇಬ್ಬರಿಗೂ ಅಷ್ಟಕ್ಕಷ್ಟೇ ಎಂದು ನನಗೆ ಗೊತ್ತಾದದ್ದು ತಡವಾಗಿ.

ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು. ಇದನ್ನು ಮುಚ್ಚಿಟ್ಟು ವಿನಯ ತೋರಿಸುವ ಅಭ್ಯಾಸ ನನಗಿಲ್ಲ. ವಿನಯ ಮೂರು ತಲೆಮಾರು ಓದಿದವರಿಗೆ ಒಪ್ಪುತ್ತದೆ. ಎಂಜಿನಿಯರಿಂಗ್ ಓದಿದೆ, ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದೆ, ಹಿಮ ಬೀಳುವ ಊರಿಗೆ ಬಂದೆ. ಸಂಶೋಧನೆಯ ವಿಷಯವೂ ಸರಳವೇ. ಒಂದು ದೇಶದ ಜನವೆಲ್ಲ ಒಂದೇ ಗಳಿಗೆಯಲ್ಲಿ ಫೋನು ಎತ್ತಿದರೆ ಎಕ್ಸ್‌ಚೇಂಜು ಏನು ಮಾಡಬೇಕು? ಯಾವ ಕರೆಯನ್ನು ಒಳಗೆ ಬಿಡಬೇಕು, ಯಾವುದಕ್ಕೆ ಎಂಗೇಜ್ ಕೊಡಬೇಕು? ಆ ನೂಕುನುಗ್ಗಲಿನಲ್ಲಿ ಆಂಬುಲೆನ್ಸಿಗೆ ಫೋನು ಮಾಡುವವನ ಗತಿಯೇನು?

ಇದನ್ನು ಅಳೆದು ನೋಡಬೇಕಾದರೆ ದೇಶದ ಜನವೆಲ್ಲ ಒಟ್ಟಿಗೆ ಫೋನು ಎತ್ತುವಂಥದ್ದು ಏನಾದರೂ ಆಗಬೇಕು. ಬೇರೆ ಕಡೆ ಯುದ್ಧವಾಗುತ್ತದೆ, ಭೂಕಂಪವಾಗುತ್ತದೆ. ಸ್ವೀಡನ್ನಿನಲ್ಲಿ ಹಾಡಿನ ಸ್ಪರ್ಧೆಯಾಗುತ್ತದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಯೂರೋಪಿನ ಒಂದೊಂದು ದೇಶವೂ ಒಂದೊಂದು ಹಾಡನ್ನು ಕಳಿಸುತ್ತದೆ. ಎಲ್ಲ ದೇಶದ ಟೀವಿಯಲ್ಲೂ ಅದು ಒಂದೇ ಸಂಜೆ ಬರುತ್ತದೆ, ಜನ ಫೋನಿನಲ್ಲಿ ಓಟು ಹಾಕುತ್ತಾರೆ. ತಮ್ಮ ದೇಶಕ್ಕೆ ತಾವೇ ಓಟು ಹಾಕುವಂತಿಲ್ಲ. ಉಳಿದ ದೇಶಗಳು ತಮ್ಮ ಹಾಡನ್ನು ಹೇಗೆ ಆರಿಸುತ್ತವೋ ನನಗೆ ಗೊತ್ತಿಲ್ಲ, ಸ್ವೀಡನ್ನು ಮಾತ್ರ ಚಳಿಗಾಲದಿಂದಲೇ ಶುರುಮಾಡುತ್ತದೆ. ವಾರವಾರ ಶನಿವಾರ ಒಂದೊಂದು ಊರಿನಲ್ಲಿ ಸುತ್ತು, ಮಾರ್ಚಿನಲ್ಲಿ ಕೊನೆಯ ಸುತ್ತು. ನಮ್ಮಲ್ಲಿ ಮುಖ್ಯಮಂತ್ರಿಯನ್ನು ಇದಕ್ಕಿಂತ ಬೇಗ ಆರಿಸುತ್ತಾರೆ, ಬೇಗ ಇಳಿಸುತ್ತಾರೆ ಕೂಡ.

ಇದರಲ್ಲಿ ಇನ್ನೊಂದು ವಿಚಿತ್ರವಿತ್ತು. ಈ ಕಾರ್ಯಕ್ರಮವನ್ನು ಯಾರೂ ನೋಡುತ್ತಿರಲಿಲ್ಲ. ನಮ್ಮ ವಿಭಾಗದಲ್ಲಿ ದಿನವೂ ಬೆಳಿಗ್ಗೆ ಫಿಕಾ, ಅಂದರೆ ಎಲ್ಲರೂ ಕೂತು ಕಾಫಿ ಕುಡಿಯುವ ಹೊತ್ತು. ಸೋಮವಾರದ ಫಿಕಾದಲ್ಲಿ ಶನಿವಾರದ ಹಾಡುಗಳ ತಪ್ಪುಒಪ್ಪು, ಗಾಯಕಿಯ ಬಟ್ಟೆಯ ಬಣ್ಣ, ಎಲ್ಲವೂ ವಿವರವಾಗಿ ಚರ್ಚೆಯಾಗುತ್ತಿತ್ತು. ಚರ್ಚೆಗೆ ಮುಂಚೆ ಪ್ರತಿಯೊಬ್ಬರೂ ತಪ್ಪದೆ ಹೇಳುತ್ತಿದ್ದದ್ದು ಒಂದೇ: "ನಾನು ನೋಡುವುದಿಲ್ಲ, ಮಕ್ಕಳು ಹಾಕಿರುತ್ತಾರೆ." ಮದುವೆಯೇ ಆಗದ ಒಬ್ಬರು "ಅಕ್ಕನ ಮಕ್ಕಳು" ಎನ್ನುತ್ತಿದ್ದರು.

ಆ ವರ್ಷ ಸ್ವೀಡನ್ನಿನ ಹಾಡಾಗಿ ಆಯ್ಕೆಯಾದದ್ದು ಬಿಳಿ ಕೋಟು ತೊಟ್ಟ ಮೂವರು ಯುವಕರ ಹಾಡು. ಆಕಾಶ, ಬೆಂಕಿ, ಹೃದಯ ಎಂಬ ಮೂರು ಪದಾರ್ಥಗಳನ್ನು ಇಂಗ್ಲಿಷಿನಲ್ಲಿ ಹಿಂದೆಮುಂದೆ ಮಾಡಿ ಹೊಸೆದದ್ದು. ಕೊನೆಯ ಚರಣಕ್ಕೆ ಶ್ರುತಿ ಏರುತ್ತದೆ, ವೇದಿಕೆಯ ಮೇಲೆ ಬೆಂಕಿ ಏಳುತ್ತದೆ. ಎರಡೂ ಒಟ್ಟಿಗೆ ಏಳದಿದ್ದರೆ ಅದನ್ನು ಅಲ್ಲಿ ಹಾಡು ಎನ್ನುವುದಿಲ್ಲ.

ಆ ಕೊನೆಯ ಸುತ್ತಿನ ಸಂಜೆ ನಾನು ಸ್ಟಾಕ್‌ಹೋಮಿನ ಪಕ್ಕದ ಸುಂಡ್‌ಬೀಬರ್ಯ್‌ನಲ್ಲಿದ್ದ ಬೆಂಗಳೂರಿನ ಸಾಫ್ಟ್‌ವೇರ್ ದಂಪತಿಯ ಬಾಡಿಗೆ ಮನೆಗೆ ಹೋಗಿದ್ದೆ. ನನ್ನ ಕೋಣೆಯಲ್ಲಿ ಟೀವಿ ಇರಲಿಲ್ಲ. ನನ್ನ ಸಂಶೋಧನೆಗೆಂದು ಕರೆಗಳನ್ನು ಎಣಿಸುವ ವ್ಯವಸ್ಥೆ ಎಕ್ಸ್‌ಚೇಂಜಿನಲ್ಲಿ ತನ್ನ ಪಾಡಿಗೆ ತಾನು ನಡೆದಿತ್ತು. ಯಾರ ನಂಬರು ಎಂದು ಅದರಲ್ಲಿ ತಿಳಿಯುತ್ತಿರಲಿಲ್ಲ, ಒಂದು ಫೋನಿನಿಂದ ಯಾವ ಹಾಡಿಗೆ ಎಷ್ಟು ಸಲ ಪ್ರಯತ್ನವಾಯಿತು ಎಂಬುದಷ್ಟೇ ತಿಳಿಯುತ್ತಿತ್ತು.

"ಅಲ್ಲಾ ಮೇಡಂ, ನಿಮ್ ಪಿಎಚ್‌ಡಿ ಈ ಶೋ ಮೇಲಾ?" ಎಂದರು ಮನೆಯ ಯಜಮಾನರು, ಚಿಪ್ಸಿನ ಬಟ್ಟಲು ನನ್ನ ಕಡೆ ಸರಿಸುತ್ತ. "ನಮ್ ಆಫೀಸಲ್ಲಿ ಹೇಳಿದ್ರೆ ನಗ್ತಾರೆ ಕಣ್ರೀ."

"ನಿಮ್ಮ ಆಫೀಸಲ್ಲಿ ಯಾರೂ ನೋಡಲ್ವಾ?"

"ಛೇ, ಯಾರ್ ನೋಡ್ತಾರೆ! ಮಕ್ಕಳು ನೋಡ್ತಾರಂತೆ ಅಷ್ಟೇ."

ಓಟಿನ ಲೈನು ತೆರೆಯಿತು. ದಾಗಿಸ್ಸಿಗೆ, ಅಂದರೆ ಶಿಶುವಿಹಾರಕ್ಕೆ, ಹೋಗುತ್ತಿದ್ದ ಅವರ ಮಗಳು ಮೂವರು ಯುವಕರಿಗೆ ಓಟು ಹಾಕಲೇಬೇಕೆಂದು ಹಟ ಹಿಡಿದಳು. ಅಪ್ಪ ಒತ್ತಿದರು. ಎಂಗೇಜ್. ಮತ್ತೆ ಒತ್ತಿದರು. ಎಂಗೇಜ್. ಮಗಳಿಗೆ ಬೇಸರ ಬಂದು ಬೊಂಬೆ ಹಿಡಿದು ಕೂತಳು. ಅಪ್ಪ ಎದ್ದು ನಿಂತು ಒತ್ತತೊಡಗಿದರು.

"ಪಾಪ್ಪಾ, ಸ್ಲೂಟಾ!" ಎಂದಳು ಮಗಳು. ಅಪ್ಪಾ ಸಾಕು ನಿಲ್ಲಿಸು ಎಂದು ಸ್ವೀಡಿಷಿನಲ್ಲಿ.

"ಇರು ಪುಟ್ಟಾ, ಒಂದೇ ಒಂದ್ಸಲ. ಮಗು ಆಸೆ ಪಡ್ತಿದೆ ಅಂತ ಅಷ್ಟೇ ಮೇಡಂ."

ಅವರ ಹೆಂಡತಿ ಅಡುಗೆಮನೆಯಿಂದ, "ರೀ, ಮಗು ಆಗ್ಲೇ ಎದ್ ಇಲ್ಲಿಗ್ ಬಂತು!" ಎಂದು ಕೂಗಿದರು.

ನಾನು ಒಳಗೊಳಗೇ ಕುಣಿದೆ. ಇದೇ ನನ್ನ ಅಧ್ಯಾಯ. ದಾವಣಗೆರೆಯ ಎಸ್‌ಟಿಡಿ ಬೂತಿನಲ್ಲಿ ಸಾಲುಗಟ್ಟಿ ನಿಂತು ಬೆಳೆದವಳು ನಾನು. ಪಿಯುಸಿ ರಿಸಲ್ಟು ಕೇಳಲು ಕಾಲೇಜಿಗೆ ಫೋನು ಹಚ್ಚಿದರೆ ಎಂಗೇಜ್, ಬೂತಿನವನು ಬೆರಳಿಗೆ ಬಿಡುವು ಕೊಡದೆ ಮತ್ತೆ ಹಚ್ಚುತ್ತಿದ್ದ. ನಮಗೆ ಎಂಗೇಜ್ ಎಂದರೆ 'ಇಲ್ಲ' ಎಂದಲ್ಲ, ಇನ್ನೊಬ್ಬ ನಿನಗಿಂತ ಮುಂಚೆ ನುಗ್ಗಿದ, ನೀನೂ ನುಗ್ಗು ಎಂದು. ಆದರೆ ನನ್ನ ಪ್ರೊಫೆಸರು ಹಿಂದೆ ಯಾವಾಗಲೋ ಕಟ್ಟಿ ಹೆಸರು ಮಾಡಿದ್ದ ಲೆಕ್ಕದ ಪ್ರಕಾರ, ಎಂಗೇಜ್ ಕೇಳಿದ ಸ್ವೀಡನ್ನಿನವನು ಫೋನು ಕೆಳಗಿಡುತ್ತಾನೆ. ಬಹಳವೆಂದರೆ ಇನ್ನೊಂದು ಸಲ ನೋಡುತ್ತಾನೆ. ಆಮೇಲೆ ಕಾಫಿ ಕುಡಿಯುತ್ತಾನೆ. ಈ ಲೆಕ್ಕದ ಮೇಲೆ ಎಕ್ಸ್‌ಚೇಂಜು ಕಟ್ಟಿದರೆ ಹಾಡಿನ ಸಂಜೆ ಆಂಬುಲೆನ್ಸಿಗೆ ದಾರಿ ಸಿಗುವುದಿಲ್ಲ ಎಂಬುದು ನನ್ನ ವಾದ.

ಸೋಮವಾರ ಅಂಕಿಗಳು ಬಂದವು. ಬೆಂಗಳೂರಿನವರು ಒಬ್ಬರೇ ಅಲ್ಲ, ಇಡೀ ದೇಶ ಎದ್ದು ನಿಂತು ಒತ್ತಿತ್ತು. ಕಾಗದ ಹಿಡಿದು ಪ್ರೊಫೆಸರ ಕೋಣೆಗೆ ಹೋದೆ.

ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಎಣಿಸುವ ಯಂತ್ರ ಕೆಟ್ಟಿದೆ" ಎಂದರು.

"ಯಂತ್ರ ಸರಿಯಿದೆ. ಎರಡು ಸಲ ಪರೀಕ್ಷೆ ಮಾಡಿದ್ದೇನೆ."

"ಹಾಗಿದ್ದರೆ ಮಕ್ಕಳು ಆಟವಾಡಿದ್ದಾರೆ." ಕಿಟಕಿಯ ಆಚೆ ಕೈ ತೋರಿಸಿದರು. "ನೋಡು, ಇದು ಸರದಿಯ ದೇಶ. ಔಷಧಿ ಅಂಗಡಿಯಲ್ಲಿ ಒಬ್ಬನೇ ಇದ್ದರೂ ನಂಬರಿನ ಚೀಟಿ ಹರಿದುಕೊಂಡು ನಿಲ್ಲುತ್ತಾನೆ. ಅಂಥವನು ಹೀಗೆ ನುಗ್ಗುವುದು ಸಾಧ್ಯವೇ ಇಲ್ಲ. ಮೇ ತಿಂಗಳ ಫೈನಲ್ ತನಕ ಕಾಯೋಣ. ಅಲ್ಲಿ ತಮ್ಮ ದೇಶಕ್ಕೆ ಓಟು ಹಾಕುವಂತಿಲ್ಲ, ಆವೇಶ ಇರುವುದಿಲ್ಲ. ನಿಜವಾದ ಸ್ವೀಡನ್ನು ಆಗ ಕಾಣುತ್ತದೆ. ಅದಕ್ಕೆ ಮುಂಚೆ ಈ ಅಧ್ಯಾಯಕ್ಕೆ ನಾನು ಒಪ್ಪಿಗೆ ಕೊಡಲಾರೆ."

ಆ ಅಧ್ಯಾಯ ಬಿದ್ದರೆ ಪ್ರಬಂಧವೇ ಬೀಳುತ್ತಿತ್ತು. ನನ್ನ ಕೆಲಸ, ಪರ್ಮಿಟ್ಟು ಎರಡೂ ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಬರಿಗೈಯಲ್ಲಿ ದಾವಣಗೆರೆಯ ಸ್ಟೇಷನ್ನಿನಲ್ಲಿ ಇಳಿದರೆ ಮಾವ ಬೀಡಿ ಹಚ್ಚಿಕೊಂಡು ನಿಂತಿರುತ್ತಾರೆ ಎಂಬುದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಅಣ್ಣನ ಮೊಬೈಲಿಗೆ ಫೋನು ಮಾಡಿದೆ. ಅವ್ವ ಎತ್ತಿಕೊಂಡಳು.

"ನಿಮ್ಮ ಮಾವ ಕೇಳ್ತಿದ್ದ, ಹಾಡಿಗೆ ಫೋನ್ ಮಾಡೋರನ್ನ ಎಣಿಸಾಕೆ ಅಷ್ಟು ದೂರ ಹೋಗಬೇಕಿತ್ತಾ ಅಂತ."

"ನೀನೇನಂದೆ?"

"ಎಣಿಸಾಕಾದ್ರೂ ಅವಳಿಗೆ ಬರ್ತತಿ, ನಿನಗೆ ಅದೂ ಬರಲ್ಲ ಅಂದೆ." ಆಮೇಲೆ ಕೇಳಿದಳು. "ಆ ಹಾಡು ಚಲೋ ಐತೇನು?"

"ಇಲ್ಲವ್ವ."

"ಮತ್ಯಾಕೆ ಆ ಪರಿ ಫೋನ್ ಮಾಡ್ತಾರೆ?"

"ಅದನ್ನೇ ನಾನೂ ಬರೀತಿರೋದು."

ಮೇ ಬಂತು. ಆ ವರ್ಷದ ಫೈನಲ್ಲಿಗೆ ಮುಂಚೆ ಸ್ವೀಡನ್ನಿನ ಪತ್ರಿಕೆಗಳು ಗೆಲುವು ನಮ್ಮದೇ ಎಂದು ಬರೆದವು. ನೋಡದೇ ಇದ್ದ ನಮ್ಮ ವಿಭಾಗವೂ ಅದನ್ನೇ ಹೇಳಿತು. ಮೂವರು ಯುವಕರು ಬಿಳಿ ಕೋಟಿನಲ್ಲಿ ಬಂದರು. ಶ್ರುತಿ ಏರಿತು, ಬೆಂಕಿಯೂ ಏಳಬೇಕಾದಲ್ಲೇ ಎದ್ದಿತು. ಅಂಕ ಮಾತ್ರ ಏಳಲಿಲ್ಲ. ಡೆನ್ಮಾರ್ಕು, ನಾರ್ವೆಗಳಿಂದ ಒಂದಿಷ್ಟು ಬಿತ್ತು. ಉಳಿದ ಯೂರೋಪು, ಮದುವೆಮನೆಯಲ್ಲಿ ಬೇಡದ ಪಲ್ಯ ಬಡಿಸಲು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದ ಹಾಗೆ ಕೂತಿತ್ತು. ಪಟ್ಟಿಯ ಬುಡದಲ್ಲಿ ಎಲ್ಲೋ ಸ್ವೀಡನ್ನು ಕಾಣಿಸಿತು.

ಸೋಮವಾರದ ಫಿಕಾದಲ್ಲಿ ಸೂತಕ. ದಾಲ್ಚಿನ್ನಿಯ ಬನ್ನಿಗೆ ಯಾರೂ ಕೈ ಹಾಕಿರಲಿಲ್ಲ. ಮೊದಲು ಬಾಯಿ ಬಿಟ್ಟದ್ದು ಅಕ್ಕನ ಮಕ್ಕಳಿದ್ದವರು.

"ಪೂರ್ವದ ದೇಶಗಳು ಒಂದಕ್ಕೊಂದು ಓಟು ಹಾಕಿಕೊಳ್ಳುತ್ತವೆ. ಇದು ಸಂಗೀತ ಅಲ್ಲ, ನೆರೆಹೊರೆ ರಾಜಕೀಯ."

"ನಾಚಿಕೆಗೇಡು" ಎಂದಿತು ಮೇಜು.

ನಮ್ಮೂರಿನಲ್ಲಿ ಇದಕ್ಕೆ ಮುಯ್ಯಿ ಎನ್ನುತ್ತಾರೆ. ನನ್ನ ಮಗಳ ಮದುವೆಗೆ ನೀನು ಒಂದು ಸೀರೆ ತಂದೆ, ನಿನ್ನ ಮಗಳ ಮದುವೆಗೆ ನಾನೂ ಒಂದು ಸೀರೆ ತರುತ್ತೇನೆ. ನಮ್ಮಲ್ಲಿ ಅದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ. ನಾಚಿಕೊಳ್ಳುವುದು ತರದೇ ಇದ್ದವರು. ನನ್ನ ಕೈಯಲ್ಲಿ ಆ ಬೆಳಿಗ್ಗೆಯ ಅಂಕಿಗಳಿದ್ದವು. ಶನಿವಾರ ಸಂಜೆ ಸ್ವೀಡನ್ನು ಮಾರ್ಚಿಗಿಂತ ಹೆಚ್ಚು ಒತ್ತಿತ್ತು. ಅದರಲ್ಲೂ ಒತ್ತಿದ್ದು ಹೆಚ್ಚಾಗಿ ನಾರ್ವೆಗೆ.

"ಸ್ವೀಡನ್ನೂ ನೆರೆಯವರಿಗೇ ಹಾಕಿದೆ" ಎಂದೆ.

"ಅದು ಬೇರೆ" ಎಂದರು ಹಲವರು ಒಟ್ಟಿಗೆ. "ನಾರ್ವೆಯ ಹಾಡು ನಿಜಕ್ಕೂ ಚೆನ್ನಾಗಿತ್ತು."

"ಚೆನ್ನಾಗಿದ್ದು ಏನು ಬಂತು!" ಪ್ರೊಫೆಸರು ಬಟ್ಟಲನ್ನು ಕುಕ್ಕಿ ಇಟ್ಟರು. ಆ ಮನುಷ್ಯ ದನಿ ಏರಿಸಿದ್ದನ್ನು ಅಷ್ಟು ವರ್ಷಗಳಲ್ಲಿ ನಾನು ಕೇಳಿರಲಿಲ್ಲ. "ಓಟು ಹಾಕಲು ಬಿಟ್ಟರೆ ತಾನೆ! ಶುರುವಿನಿಂದ ಕೊನೆಯವರೆಗೂ ಆ ಲೈನು ಎಂಗೇಜ್. ಒಂದು ಕ್ಷಣವೂ ಬಿಡುವಾಗಲಿಲ್ಲ!"

ಲೈನು ಕೊನೆಯವರೆಗೂ ಎಂಗೇಜ್ ಇತ್ತು ಎಂದು ತಿಳಿಯಬೇಕಾದರೆ ಮನುಷ್ಯ ಕೊನೆಯವರೆಗೂ ಒತ್ತಿರಬೇಕು. ಇದು ಅಲ್ಲಿದ್ದವರಿಗೆಲ್ಲ ಹೊಳೆಯಿತು. ಕಡೆಗೆ ಹೊಳೆದದ್ದು ಹೇಳಿದವರಿಗೆ.

"ಮಕ್ಕಳು..." ಎಂದು ಶುರುಮಾಡಿದರು.

"ನಿಮ್ಮ ಮಕ್ಕಳು ಆಸ್ಟ್ರೇಲಿಯಾದಲ್ಲಿದ್ದಾರೆ" ಎಂದರು ಅಕ್ಕನ ಮಕ್ಕಳಿದ್ದವರು.

ಪ್ರೊಫೆಸರು ನನ್ನ ಮುಖ ನೋಡಿದರು. ನಾನು ನಗಲಿಲ್ಲ. ಪದವಿ ಕೈಗೆ ಬರುವ ತನಕ ಮಾರ್ಗದರ್ಶಕರನ್ನು ನೋಡಿ ನಗಬಾರದು ಎಂಬಷ್ಟು ಬುದ್ಧಿ ನನಗೆ ಯಾವ ವಿಶ್ವವಿದ್ಯಾಲಯವೂ ಕಲಿಸಬೇಕಿರಲಿಲ್ಲ. ಅವರು ಜೇಬಿನಿಂದ ಮೊಬೈಲು ತೆಗೆದು, ಕರೆಗಳ ಪಟ್ಟಿ ತೆರೆದು, ಮೇಜಿನ ಮೇಲೆ ನನ್ನ ಕಡೆ ತಳ್ಳಿದರು. ಪುಟ್ಟ ಪರದೆಯ ತುಂಬ ಒಂದೇ ನಂಬರು. ಕೆಳಗೆ ಸರಿಸಿದೆ, ಅದೇ ನಂಬರು. ಇನ್ನೂ ಸರಿಸಿದೆ.

"ಸಾಕು" ಎಂದರು. ಮುಖ ಕೆಂಪಾಗಿತ್ತು. "ನಿನ್ನ ಅಧ್ಯಾಯ ಸರಿಯಿದೆ. ನನ್ನ ಲೆಕ್ಕ ತಪ್ಪು. ಹಾಗೆಯೇ ಬರಿ, ನನ್ನ ಹೆಸರು ಹಾಕಿಯೇ ಬರಿ. ಈ ಫೋನನ್ನು ಮಾತ್ರ ಅನುಬಂಧದಲ್ಲಿ ಸೇರಿಸಬೇಡ."

ಅವರ ಬಗ್ಗೆ ಇಷ್ಟು ಹೇಳಲೇಬೇಕು. ತನ್ನ ಹೆಸರಿನ ಲೆಕ್ಕ ತಪ್ಪೆಂದು ಶಿಷ್ಯೆಯ ಪ್ರಬಂಧದಲ್ಲಿ ಅಚ್ಚಾಗಲು ಬಿಟ್ಟ ಇನ್ನೊಬ್ಬ ಪ್ರೊಫೆಸರನ್ನು ನಾನು ಕಂಡಿಲ್ಲ. ಅಲ್ಲಿನ ಪದ್ಧತಿಯಂತೆ ಪ್ರಬಂಧದ ಪ್ರತಿಯನ್ನು ಹಲಗೆಗೆ ಮೊಳೆ ಹೊಡೆದು ತೂಗುಹಾಕಬೇಕು. ಸುತ್ತಿಗೆ ತಂದುಕೊಟ್ಟವರೂ ಅವರೇ. ಬಹಿರಂಗ ಪರೀಕ್ಷೆಯಲ್ಲಿ ಎದುರು ಕೂತ ಫಿನ್ಲೆಂಡಿನ ವಿದ್ವಾಂಸರು ನನ್ನನ್ನು ಮಧ್ಯಾಹ್ನದವರೆಗೆ ಅರೆದರು. ಕೊನೆಗೆ, "ಇದು ಸ್ವೀಡನ್ನಿನವರ ದೌರ್ಬಲ್ಯ, ನಮ್ಮಲ್ಲಿ ಹೀಗಿಲ್ಲ" ಎಂದು ದಾಖಲೆಗೆ ಹೇಳಿ ಪಾಸು ಮಾಡಿದರು. ಅವರಲ್ಲಿಯೂ ಅಳೆದು ನೋಡೋಣವೇ ಎಂದು ಕೇಳಬೇಕೆನ್ನಿಸಿತು. ನಾಲಿಗೆ ಕಚ್ಚಿಕೊಂಡೆ.

ಪದವಿ ಕೊಡುವ ಸಮಾರಂಭಕ್ಕೆ ಅವ್ವನನ್ನು ಕರೆಸಿಕೊಂಡೆ. ಇಳಕಲ್ ಸೀರೆಯ ಮೇಲೆ ನನ್ನ ಹಳೆಯ ಜಾಕೀಟು, ಕಾಲಿಗೆ ಉಣ್ಣೆಯ ಕಾಲುಚೀಲ. ಸಭೆಯಲ್ಲಿ ಅಷ್ಟು ಚೆಂದ ಕಂಡವರು ಬೇರೆ ಯಾರೂ ಇರಲಿಲ್ಲ ಎಂದು ನಾನು ಹೇಳಿದರೆ ಅದು ಅಳತೆ ಮಾಡಿಯೇ ಹೇಳಿದ ಮಾತು. ಹೆಸರು ಕರೆದರು. ಕಪ್ಪು ಟೋಪಿ ತೊಡಿಸಿದರು, ಪ್ರಮಾಣಪತ್ರವನ್ನು ಕೈಗೆ ಕೊಟ್ಟರು. ಕೆಳಗಿಳಿದು ಬಂದಾಗ ಪ್ರೊಫೆಸರು ಅವ್ವನ ಮುಂದೆ ಬಾಗಿ, ನಿಮ್ಮ ಮಗಳು ನಮ್ಮ ದೇಶದ ಬಗ್ಗೆ ನಮಗೇ ಗೊತ್ತಿಲ್ಲದ ಒಂದು ಸಂಗತಿ ಕಂಡುಹಿಡಿದಳು, ಅದು ನಮಗೆ ಅಷ್ಟೇನೂ ಹಿತವಾಗಲಿಲ್ಲ, ಆದರೆ ನಿಜ, ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು.

"ಏನಂತಾರೆ?" ಎಂದಳು ಅವ್ವ.

"ಚಲೋ ಓದಿದಾಳೆ ಅಂತಾರೆ."

"ಅಷ್ಟುದ್ದ ಮಾತಾಡಿದ್ರು!"

ಪ್ರಮಾಣಪತ್ರವನ್ನು ಅವ್ವನ ಕೈಗಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದಳು. ಮುಂದೆ ನೋಡಿದಳು, ಹಿಂದೆ ತಿರುಗಿಸಿ ನೋಡಿದಳು, ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಪ್ರೊಫೆಸರನ್ನು ಒಮ್ಮೆ ಓರೆಗಣ್ಣಿನಿಂದ ನೋಡಿ, ದನಿ ತಗ್ಗಿಸಿ ಹೇಳಿದಳು:

"ಮೊದ್ಲು ಎಲ್ಡು ಜೆರಾಕ್ಸ್ ತೆಗಿಸಿಡು ಯವ್ವಾ. ಒರಿಜಿನಲ್ ಯಾರು ಕೇಳಿದ್ರೂ ಕೊಡಬ್ಯಾಡ. ಇವ್ರು ಕೇಳಿದ್ರೂ ಅಷ್ಟೇ."